ನಾಯಿಗೂ ದಿನಾ ಹಲ್ಲುಜ್ಜಬೇಕಾ?

ನಾಯಿ ಸಾಕಿದವರು ಯಾರೇ ಸಿಗಲಿ, ನನ್ನನ್ನು ಕೇಳುವುದು ಹೆಚ್ಚುಕಮ್ಮಿ ಇದೇ ಪ್ರಶ್ನೆ. "ಅಲ್ಲಾ ರೀ, ನಾಯಿಗೂ ದಿನಾ ಹಲ್ಲುಜ್ಜಬೇಕಾ? ನಮ್ಮಜ್ಜಿ ಮನೇಲಿ ಅಷ್ಟು ನಾಯಿ ಇದ್ವು, ಒಂದಕ್ಕೂ ಯಾರೂ ಬ್ರಷ್ ಹಿಡಿದಿರಲಿಲ್ಲ." ಅದರ ಹಿಂದೆಯೇ ಇನ್ನೊಂದು ಮಾತು ಬರುತ್ತದೆ. "ಬಾಯಿ ಮಾತ್ರ ಸಿಕ್ಕಾಪಟ್ಟೆ ವಾಸನೆ. ಏನ್ ಮಾಡೋದು, ನಾಯಿ ಅಲ್ವಾ?"

ಮೊದಲ ಪ್ರಶ್ನೆಗೆ ಉತ್ತರ: ಹೌದು, ಉಜ್ಜಬೇಕು, ದಿನಾ. ಎರಡನೆಯ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಬಾಯಿ ನಾರುವುದು ನಾಯಿಯ ಹುಟ್ಟುಗುಣ ಅಲ್ಲವೇ ಅಲ್ಲ. ಆರೋಗ್ಯವಾಗಿರುವ ನಾಯಿಯ ಬಾಯಲ್ಲಿ ಅದು ತಿಂದದ್ದರ ವಾಸನೆ ಸ್ವಲ್ಪ ಹೊತ್ತು ಇರುತ್ತದೆ, ಅಷ್ಟೇ. ಹತ್ತಿರ ಬಂದಾಗ ನಾವು ಮುಖ ತಿರುಗಿಸುವಷ್ಟು ಕೊಳೆತ ವಾಸನೆ ಬರುತ್ತಿದ್ದರೆ, ಹೆಚ್ಚಿನ ಸಲ ಅದು ವಸಡಿನ ಕಾಯಿಲೆ.

ಅಜ್ಜಿ ಮನೆಯ ನಾಯಿಗಳ ಹಲ್ಲು ಚೆನ್ನಾಗಿತ್ತು ಅಂತ ಹೇಗೆ ಗೊತ್ತು? ಅವು ಅಂಗಳದಲ್ಲಿ ಮಲಗುತ್ತಿದ್ದವು. ಯಾರೂ ಅವುಗಳ ತುಟಿ ಎತ್ತಿ ನೋಡುತ್ತಿರಲಿಲ್ಲ. ನಾಯಿ ನೋವನ್ನು ತೋರಿಸಿಕೊಳ್ಳುವುದು ತೀರಾ ಕಡಿಮೆ. ಹಲ್ಲು ಅಲ್ಲಾಡುತ್ತಿದ್ದರೂ ಇನ್ನೊಂದು ಕಡೆಯಿಂದ ಅಗಿದು ಊಟ ಮುಗಿಸುತ್ತದೆ. ಕೊನೆಗೆ ಊಟ ಬಿಟ್ಟಾಗ "ವಯಸ್ಸಾಯ್ತು" ಅನ್ನುತ್ತಿದ್ದರು. ನಮ್ಮ ಪಕ್ಕದ ರಸ್ತೆಯ ಆಂಟಿಯ ಪೊಮೆರೇನಿಯನ್‌ದೂ ಇದೇ ಕಥೆ. ಬಿಸ್ಕತ್ತನ್ನು ಬಾಯಿಗೆ ಹಾಕಿಕೊಳ್ಳುತ್ತಿತ್ತು, ತಲೆ ಓರೆ ಮಾಡಿ ಅಗಿಯುತ್ತಿತ್ತು, ಅರ್ಧ ತುಂಡು ಕೆಳಗೆ ಬೀಳುತ್ತಿತ್ತು. ಎಲ್ಲರೂ ಅದನ್ನು ಚೇಷ್ಟೆ ಅಂದುಕೊಂಡಿದ್ದರು. ಡಾಕ್ಟರ್ ತುಟಿ ಎತ್ತಿ ನೋಡಿದಾಗ ಎಡಗಡೆ ಮೇಲಿನ ಹಲ್ಲುಗಳು ಕಾಣುತ್ತಲೇ ಇರಲಿಲ್ಲ, ಕಂದು ಪಾಚಿ ಅಷ್ಟು ದಪ್ಪಗೆ ಮೆತ್ತಿಕೊಂಡಿತ್ತು.

ಪಾಚಿ ಕಟ್ಟುವುದು ಹೀಗೆ. ಊಟವಾದ ಕೆಲವೇ ಗಂಟೆಗಳಲ್ಲಿ ಹಲ್ಲಿನ ಮೇಲೆ ಬ್ಯಾಕ್ಟೀರಿಯಾಗಳ ತೆಳು ಪದರ ಕೂರುತ್ತದೆ. ಆಗ ಅದು ಮೆತ್ತಗಿರುತ್ತದೆ, ಬಟ್ಟೆಯಲ್ಲಿ ಒರೆಸಿದರೂ ಹೋಗುತ್ತದೆ. ಎರಡು ಮೂರು ದಿನ ಬಿಟ್ಟರೆ ಜೊಲ್ಲಿನಲ್ಲಿರುವ ಸುಣ್ಣದ ಅಂಶ ಅದರೊಳಗೆ ಸೇರಿ ಗಟ್ಟಿಯಾಗುತ್ತದೆ. ಬೋರ್‌ವೆಲ್ ನೀರಿನ ಬಕೆಟ್ಟಿಗೆ ಬಿಳಿ ಕರೆ ಕಟ್ಟುತ್ತದಲ್ಲ, ಹಾಗೆಯೇ. ಆಮೇಲೆ ಎಷ್ಟು ಉಜ್ಜಿದರೂ ಅದು ಬರುವುದಿಲ್ಲ. ನಾಯಿಯ ಜೊಲ್ಲು ನಮ್ಮದಕ್ಕಿಂತ ಕ್ಷಾರೀಯ. ಹಾಗಾಗಿ ನಾಯಿಗಳಿಗೆ ನಮ್ಮ ಹಾಗೆ ಹಲ್ಲು ಹುಳುಕಾಗುವುದು ಕಡಿಮೆ, ಪಾಚಿ ಕಟ್ಟುವುದು ಜಾಸ್ತಿ. ಬ್ಯಾಕ್ಟೀರಿಯಾಗಳು ವಸಡಿನ ಕೆಳಗೆ ಇಳಿದು ಹಲ್ಲು ಹಿಡಿದಿರುವ ಮೂಳೆಯನ್ನೇ ಸವೆಸುತ್ತಾ ಹೋಗುತ್ತವೆ. ಮೂರು ವರ್ಷ ತುಂಬುವಷ್ಟರಲ್ಲೇ ಬಹುಪಾಲು ನಾಯಿಗಳಲ್ಲಿ ವಸಡಿನ ಕಾಯಿಲೆ ಒಂದಲ್ಲ ಒಂದು ಹಂತದಲ್ಲಿ ಶುರುವಾಗಿರುತ್ತದೆ.

ದೊಡ್ಡ ನಾಯಿಗೂ 42 ಹಲ್ಲು, ಅಂಗೈಯಗಲದ ಪೊಮೆರೇನಿಯನ್‌ಗೂ 42 ಹಲ್ಲು. ಪೊಮೆರೇನಿಯನ್, ಶಿಟ್ಜು, ಪಗ್‌ಗಳ ಚಿಕ್ಕ ದವಡೆಯಲ್ಲಿ ಅಷ್ಟೂ ಹಲ್ಲು ಒತ್ತೊತ್ತಾಗಿ ನಿಲ್ಲುತ್ತವೆ, ಸಂದಿಯಲ್ಲಿ ಊಟ ಸಿಕ್ಕಿಕೊಳ್ಳುತ್ತದೆ. ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಜಾಸ್ತಿ ಇರುವುದೂ ಇವೇ ತಳಿಗಳು. ಉದ್ದ ಮೂತಿಯ ನಮ್ಮ ಇಂಡಿ, ಅಂದರೆ ನಾಟಿ ನಾಯಿಗಳಿಗೆ ಈ ಕಷ್ಟ ಸ್ವಲ್ಪ ಕಡಿಮೆ. ಹಾಗಂತ ಅವಕ್ಕೆ ಉಜ್ಜುವುದೇ ಬೇಡ ಅಂತಲ್ಲ. ನಾನು ಬೀದಿಯಿಂದ ತಂದ ಚಿನ್ನಿಗೂ ದಿನಾ ಉಜ್ಜುತ್ತೇನೆ.

ಇವತ್ತು ರಾತ್ರಿಯೇ ಒಂದು ಕೆಲಸ ಮಾಡಿ. ನಾಯಿಯ ಪಕ್ಕ ಕೂತು, ಬಾಯಿ ಮುಚ್ಚಿದ್ದ ಹಾಗೆಯೇ, ಕೆನ್ನೆಯ ಕಡೆಯಿಂದ ಮೇಲ್ದುಟಿ ಎತ್ತಿ. ಹಿಂದುಗಡೆ ಎಲ್ಲಕ್ಕಿಂತ ದೊಡ್ಡದಾದ, ಬೆಟ್ಟದ ತುದಿಯ ಆಕಾರದ ಒಂದು ಹಲ್ಲು ಕಾಣುತ್ತದೆ. ಜೊಲ್ಲಿನ ನಾಳ ಬಂದು ತೆರೆಯುವುದು ಸರಿಯಾಗಿ ಅದರ ಎದುರಿಗೆ. ಹಾಗಾಗಿ ಪಾಚಿ ಮೊದಲು ಕಟ್ಟುವುದೂ ಅಲ್ಲೇ. ಮುಂದಿನ ಹಲ್ಲು ಬೆಳ್ಳಗಿದೆ ಅಂತ ಸಮಾಧಾನ ಪಡಬೇಡಿ, ಈ ಹಲ್ಲನ್ನು ನೋಡಿ. ಅದರ ಬುಡದಲ್ಲಿ ವಸಡು ತಿಳಿ ಗುಲಾಬಿ ಬಣ್ಣದಲ್ಲಿ ಹಲ್ಲಿಗೆ ಅಂಟಿಕೊಂಡಿದ್ದರೆ ಚೆನ್ನಾಗಿದೆ. ಕೆಲವು ನಾಯಿಗಳಿಗೆ ವಸಡಿನಲ್ಲಿ ಹುಟ್ಟಿನಿಂದಲೇ ಕಪ್ಪು ಮಚ್ಚೆ ಇರುತ್ತದೆ, ಭಯ ಬೇಡ. ಬುಡದುದ್ದಕ್ಕೂ ಕೆಂಪು ಗೆರೆ ಕಂಡರೆ ಅದು ಕಾಯಿಲೆಯ ಶುರು.

ಇನ್ನು ಉಜ್ಜುವುದು ಹೇಗೆ? ಕೆಲಸ ಮಾಡುವುದು ಉಜ್ಜುವ ತಿಕ್ಕಾಟ, ಪೇಸ್ಟ್ ಅಲ್ಲ. ನಾಯಿಗಳ ಪೇಸ್ಟಿನಲ್ಲಿ ಕೋಳಿಯ ರುಚಿ ಇರುತ್ತದೆ, ಬ್ಯಾಕ್ಟೀರಿಯಾಗಳನ್ನು ತಡೆಯುವ ಕಿಣ್ವಗಳೂ ಇರುತ್ತವೆ. ಒಳ್ಳೆಯದೇ. ಆದರೆ ಅದನ್ನು ಸುಮ್ನೆ ನೆಕ್ಕಿಸಿ ಬಿಟ್ಟರೆ ಹೆಚ್ಚೇನೂ ಆಗುವುದಿಲ್ಲ.

ಮೊದಲ ದಿನವೇ ಬ್ರಷ್ ತುರುಕಬೇಡಿ. ಕೆಲವು ದಿನ ಬರೀ ಬೆರಳು. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಹಾಕದೆ ಕೋಳಿ ಬೇಯಿಸಿದ ನೀರಿನಲ್ಲಿ ಬೆರಳು ಅದ್ದಿ, ತುಟಿಯೊಳಗೆ ಒಂದು ಸಲ ಸವರಿ, ಅದಕ್ಕಿಷ್ಟವಾದ ತಿಂಡಿ ಕೊಡಿ. ಬೆರಳು ಕಂಡು ತಾನೇ ಹತ್ತಿರ ಬರಲು ಶುರುಮಾಡಿದ ಮೇಲೆ, ಮೆಡಿಕಲ್ ಶಾಪಿನಲ್ಲಿ ಸಿಗುವ, ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯನ್ನು ಬೆರಳಿಗೆ ಸುತ್ತಿಕೊಂಡು ಉಜ್ಜಿ. ಆಮೇಲೆ ಪುಟ್ಟ ಮಕ್ಕಳ ಮೆತ್ತನೆಯ ಬ್ರಷ್. ಎದುರಿಗೆ ನಿಂತು ಮೇಲೆ ಬಾಗಬೇಡಿ, ನಾಯಿಗೆ ಅದು ಹೆದರಿಸಿದ ಹಾಗೆ ಅನ್ನಿಸುತ್ತದೆ. ಪಕ್ಕದಲ್ಲಿ ಕೂತುಕೊಳ್ಳಿ, ಚಿಕ್ಕ ನಾಯಿಯಾದರೆ ತೊಡೆಯ ಮೇಲೆ ಕೂರಿಸಿಕೊಳ್ಳಿ. ಬಾಯಿ ತೆರೆಸುವ ಅಗತ್ಯವೇ ಇಲ್ಲ. ಬ್ರಷ್ಷನ್ನು ವಸಡಿನ ಕಡೆಗೆ ಓರೆಯಾಗಿ ಹಿಡಿದು, ಹಲ್ಲಿನ ಹೊರಮೈಯಲ್ಲಿ ಸಣ್ಣ ಸುತ್ತು ಸುತ್ತಿಸುತ್ತಾ ಹಿಂದಿನಿಂದ ಮುಂದಕ್ಕೆ ಬನ್ನಿ. ಒಳಮೈಯನ್ನು ನಾಲಿಗೆ ತಕ್ಕಮಟ್ಟಿಗೆ ನೋಡಿಕೊಳ್ಳುತ್ತದೆ. ಒಂದೊಂದು ಕಡೆಗೆ ಅರ್ಧ ನಿಮಿಷ ಸಾಕು. ಚಿನ್ನಿಗೆ ರಾತ್ರಿ ಊಟವಾದ ಮೇಲೆ ಉಜ್ಜುತ್ತೇನೆ. ದಿನಾ ಒಂದೇ ಹೊತ್ತು, ಒಂದೇ ಚಾಪೆ ಆದರೆ ನಾಯಿ ಬೇಗ ಒಗ್ಗುತ್ತದೆ.

ಮೊದಮೊದಲು ಬ್ರಷ್ಷಿಗೆ ಸ್ವಲ್ಪ ರಕ್ತ ಹತ್ತಬಹುದು. ಅದು ವಸಡು ಆಗಲೇ ಊದಿಕೊಂಡಿರುವ ಗುರುತು. ಮೆತ್ತಗೆ ಮುಂದುವರಿಸಿ. ವಾರ ಕಳೆದರೂ ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಿ.

ನಮ್ಮ ಪೇಸ್ಟ್ ಮಾತ್ರ ಖಂಡಿತ ಬೇಡ. ನಾಯಿಗೆ ಉಗುಳಲು ಬರುವುದಿಲ್ಲ, ನೊರೆ, ಫ್ಲೋರೈಡ್ ಎಲ್ಲ ಹೊಟ್ಟೆಗೆ ಹೋಗುತ್ತದೆ. ಕೆಲವು ಪೇಸ್ಟುಗಳಲ್ಲಿ, ಶುಗರ್‌ಫ್ರೀ ಚ್ಯೂಯಿಂಗ್ ಗಮ್‌ನಲ್ಲಿ ಕ್ಸೈಲಿಟಾಲ್ ಎಂಬ ಸಿಹಿ ಇರುತ್ತದೆ. ನಮಗದು ಏನೂ ಮಾಡುವುದಿಲ್ಲ. ನಾಯಿಗೆ ಮಾತ್ರ ವಿಷ, ರಕ್ತದ ಸಕ್ಕರೆ ದಿಢೀರನೆ ಇಳಿಯುತ್ತದೆ, ಲಿವರ್ ಕೆಡುತ್ತದೆ. ಉಪ್ಪು, ಅಡುಗೆ ಸೋಡಾ, ಇದ್ದಿಲ ಪುಡಿ, ಲವಂಗದ ಎಣ್ಣೆ ಯಾವುದೂ ಬೇಡ. ಕೊಬ್ಬರಿ ಎಣ್ಣೆ ಹಚ್ಚಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಒಂದೆರಡು ಹನಿಯಿಂದ ತೊಂದರೆ ಇಲ್ಲ. ಆದರೆ ಅಲ್ಲೂ ಹಲ್ಲು ಚೊಕ್ಕಟ ಮಾಡುವುದು ನಿಮ್ಮ ಬೆರಳೇ.

"ಮೂಳೆ ಕಡಿದರೆ ಹಲ್ಲು ತಾನಾಗೇ ಕ್ಲೀನ್ ಆಗುತ್ತಲ್ವಾ?" ಮಟನ್ ಅಂಗಡಿಯವರು ಪ್ರೀತಿಯಿಂದ ಕೊಡುವ ಆ ದಪ್ಪ ಕಾಲು ಮೂಳೆಯೇ ನಾನು ಮೇಲೆ ಹೇಳಿದ ದೊಡ್ಡ ಹಲ್ಲನ್ನು ಸೀಳಿಬಿಡುತ್ತದೆ. ಬೇಯಿಸಿದ ಕೋಳಿ ಮೂಳೆ ಚೂಪಾಗಿ ಮುರಿದು ಗಂಟಲಿಗೋ ಕರುಳಿಗೋ ಚುಚ್ಚಬಹುದು. ಅಗಿಯಲು ಏನೇ ಕೊಟ್ಟರೂ ಮೊದಲು ಹೆಬ್ಬೆರಳ ಉಗುರಿನಿಂದ ಒತ್ತಿ ನೋಡಿ. ಉಗುರಿನ ಗುರುತು ಬೀಳದಷ್ಟು ಗಟ್ಟಿ ಇದ್ದರೆ ಕೊಡಬೇಡಿ. ಡೆಂಟಲ್ ಚ್ಯೂ ಕೊಳ್ಳುವುದಾದರೆ ಪೊಟ್ಟಣದ ಮೇಲೆ ವಿಒಎಚ್‌ಸಿ ಮುದ್ರೆ ಇದೆಯಾ ನೋಡಿ. ಪಾಚಿ ಕಡಿಮೆ ಮಾಡುತ್ತದೆ ಅಂತ ಪರೀಕ್ಷೆಯಲ್ಲಿ ತೋರಿಸಿದ ಪದಾರ್ಥಗಳಿಗೆ ಮಾತ್ರ ಅಮೆರಿಕದ ವೆಟರ್ನರಿ ಓರಲ್ ಹೆಲ್ತ್ ಕೌನ್ಸಿಲ್ ಆ ಮುದ್ರೆ ಕೊಡುತ್ತದೆ.

ದಿನಾ ಉಜ್ಜುವುದರಿಂದ ಇನ್ನೊಂದು ಲಾಭ ಇದೆ, ನನಗೆ ಅದೇ ದೊಡ್ಡದು. ವಸಡು ದಿನಾ ಕಣ್ಣಿಗೆ ಬೀಳುತ್ತದೆ. ನಮ್ಮೂರಲ್ಲಿ ಉಣ್ಣೆಗಳ ಕಾಟ ಎಲ್ಲರಿಗೂ ಗೊತ್ತು. ಉಣ್ಣೆ ಕಚ್ಚಿ ಟಿಕ್ ಫೀವರ್ ಬಂದ ನಾಯಿಯ ವಸಡು ಬಿಳಿಚಿಕೊಳ್ಳಬಹುದು, ಕೆಲವು ಸಲ ಸಾಸಿವೆ ಕಾಳಿನಂಥ ಕೆಂಪು ಚುಕ್ಕೆಗಳೂ ಕಾಣುತ್ತವೆ. ನಿನ್ನೆ ಗುಲಾಬಿ ಇದ್ದದ್ದು ಇವತ್ತು ಬಿಳಿಚಿದೆ ಅಂತ ಗೊತ್ತಾದರೆ ಅವತ್ತೇ ರಕ್ತ ಪರೀಕ್ಷೆ ಮಾಡಿಸಬಹುದು. ವಾಸನೆಯೂ ಅಷ್ಟೇ. ಹಲ್ಲು ಚೊಕ್ಕಟವಾಗಿದ್ದೂ ಉಸಿರು ಅಮೋನಿಯಾದ ಹಾಗೆ ನಾತ ಬಂದರೆ ಕಿಡ್ನಿ, ಹಣ್ಣಿನ ಹಾಗೆ ಸಿಹಿ ವಾಸನೆ ಬಂದರೆ ಡಯಾಬಿಟಿಸ್ ಇರಬಹುದು. ಇದ್ದಕ್ಕಿದ್ದಂತೆ ಜೊಲ್ಲು ಸುರಿಸುತ್ತಾ ಮುಂಗಾಲಿನಿಂದ ಬಾಯಿ ಕೆರೆದುಕೊಂಡರೆ ಅಂಗುಳಕ್ಕೆ ಅಡ್ಡವಾಗಿ ಕಡ್ಡಿಯೋ ಮೂಳೆ ಚೂರೋ ಸಿಕ್ಕಿಕೊಂಡಿದೆಯಾ ನೋಡಿಸಿ.

ಆಗಲೇ ಪಾಚಿ ಗಟ್ಟಿ ಕಟ್ಟಿದ್ದರೆ ಮನೆಯಲ್ಲಿ ಕೆರೆಯಬೇಡಿ. ಅನಸ್ತೇಷಿಯಾ ಇಲ್ಲದೆ ಕ್ಲೀನ್ ಮಾಡುತ್ತೇವೆ ಅನ್ನುವ ಕಡೆಗೂ ಹೋಗಬೇಡಿ. ಅಲ್ಲಿ ಕಾಣುವ ಪಾಚಿ ಮಾತ್ರ ಹೋಗುತ್ತದೆ. ಕಾಯಿಲೆ ಇರುವುದು ವಸಡಿನ ಕೆಳಗೆ, ಎಚ್ಚರವಿರುವ ನಾಯಿ ಅಲ್ಲಿಗೆ ಕೈ ಹಾಕಲು ಬಿಡುವುದಿಲ್ಲ. ಬೆಂಗಳೂರಿನಲ್ಲಾದರೆ ಹೆಬ್ಬಾಳದ ವೆಟರ್ನರಿ ಕಾಲೇಜಿನ ಆಸ್ಪತ್ರೆಯಲ್ಲೋ, ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆಯಲ್ಲೋ, ನಿಮ್ಮ ಡಾಕ್ಟರ ಹತ್ತಿರವೋ ಮೊದಲು ಬಾಯಿ ತೋರಿಸಿ.

"ನಮ್ಮದಕ್ಕೆ ಹತ್ತು ವರ್ಷ ಆಯ್ತು, ಇನ್ನೇನು ಅನಸ್ತೇಷಿಯಾ" ಅಂತ ಹಿಂಜರಿಯುವವರಿಗೆ: ಡಾಕ್ಟರುಗಳು ಬರೀ ವಯಸ್ಸು ನೋಡಿ ಬೇಡ ಅನ್ನುವುದಿಲ್ಲ. ಮೊದಲು ರಕ್ತ ಪರೀಕ್ಷೆ ಮಾಡಿ ಕಿಡ್ನಿ, ಲಿವರ್ ನೋಡುತ್ತಾರೆ, ಹೃದಯ ಪರೀಕ್ಷಿಸುತ್ತಾರೆ, ಆಮೇಲೆ ನಿರ್ಧರಿಸುತ್ತಾರೆ. ಪಕ್ಕದ ರಸ್ತೆಯ ಆಂಟಿಯ ಪೊಮೆರೇನಿಯನ್‌ಗೂ ಹಾಗೇ ಮಾಡಿ, ಅಲ್ಲಾಡುತ್ತಿದ್ದ ಹಲ್ಲು ಕಿತ್ತರು. ಗಾಯ ಒಣಗಿದ ಮೇಲೆ ಡಾಕ್ಟರ್ ಹೇಳಿದಂತೆ ಗಾಜ್ ಬಟ್ಟೆಯಿಂದ ಉಜ್ಜಲು ಶುರುಮಾಡಿದರು. ಈಗ ಅದು ಬಿಸ್ಕತ್ತನ್ನು ಎರಡೂ ಕಡೆಯಿಂದ ಅಗಿಯುತ್ತದೆ.