ಮೊದಲ ಗೇಮಿಂಗ್ ಪಿಸಿ: ಮನೆಯಲ್ಲಿದ್ದ ರ‍್ಯಾಮ್ ನೋಡಿ ಪಟ್ಟಿ ಬದಲಾಯಿಸಿದೆ

ಪಾರ್ಟ್ಸ್ ಪಟ್ಟಿ ಕೊನೆಗೂ ಒಂದು ಹದಕ್ಕೆ ಬಂದಿದೆ. ಪ್ರೊಸೆಸರ್, ಮದರ್‌ಬೋರ್ಡ್ ಮನೆಗೆ ಬಂದಾಯ್ತು. ಗ್ರಾಫಿಕ್ಸ್ ಕಾರ್ಡ್ ಯಾವುದು ಅಂತ ತೀರ್ಮಾನ ಆಗಿದೆ, ಕೊಳ್ಳುವುದು ಮುಂದಿನ ಸಂಬಳಕ್ಕೆ. ಮಾನಿಟರ್ ಸೇರಿ ಎಲ್ಲಾ ಒಂದು ಲಕ್ಷದೊಳಗೆ ಮುಗಿಯಬೇಕು. ಮೊದಲ ಸಲ ಪಿಸಿ ಕಟ್ಟಲು ಹೊರಟು, ಈಗಿನ ರ‍್ಯಾಮ್ ರೇಟು ನೋಡಿ ಕೈಚೆಲ್ಲಿ ಕೂತವರು ಇರುತ್ತೀರಿ ಅಲ್ವಾ, ಇದನ್ನು ಮುಖ್ಯವಾಗಿ ನಿಮಗಾಗಿ ಬರೆಯುತ್ತಿದ್ದೇನೆ.

ಮೊದಲಿನ ಪಟ್ಟಿ ಬೇರೆಯೇ ಇತ್ತು. ರೈಜೆನ್ 5 7600, ಬಿ650 ಬೋರ್ಡ್, 32 ಜಿಬಿ ಡಿಡಿಆರ್5. ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಿದ್ದರು. ಸಲಹೆ ಸರಿಯಾಗಿಯೇ ಇದೆ. ಈ ಪ್ರೊಸೆಸರ್ ಕೂರುವ ಎಎಂ5 ಸಾಕೆಟ್ಟನ್ನು 2027ರವರೆಗೆ, ಅದರಾಚೆಗೂ ನಡೆಸಿಕೊಂಡು ಹೋಗುತ್ತೇವೆ ಅಂತ ರೈಜೆನ್ ತಯಾರಿಸುವ ಎಎಂಡಿ ಹೇಳಿದೆ. ಆದರೆ 2025ರ ಕೊನೆಗೆ ಮೆಮೊರಿ ಬೆಲೆ ಏರತೊಡಗಿತು. ಎಐ ಡೇಟಾ ಸೆಂಟರ್‌ಗಳು ಚಿಪ್‌ಗಳನ್ನು ಬಾಚಿಕೊಳ್ಳುತ್ತಿವೆ, ತಯಾರಕರೂ ಲಾಭ ಜಾಸ್ತಿ ಇರುವ ಕಡೆಗೇ ತಿರುಗಿದ್ದಾರೆ. ಡಿಸೆಂಬರ್‌ನಲ್ಲಿ ಮೆಮೊರಿ ಚಿಪ್ ತಯಾರಿಸುವ ಮೈಕ್ರಾನ್ ಕಂಪನಿ ತನ್ನ ಕ್ರೂಶಿಯಲ್ ಬ್ರ್ಯಾಂಡನ್ನೇ ಅಂಗಡಿ ಮಾರಾಟದಿಂದ ಹಿಂದಕ್ಕೆ ತೆಗೆದುಕೊಳ್ಳುವುದಾಗಿ ಹೇಳಿತು. ಕೆಲವೇ ತಿಂಗಳಲ್ಲಿ ಅದೇ 32 ಜಿಬಿ ಕಿಟ್‌ನ ಬೆಲೆ ದುಪ್ಪಟ್ಟನ್ನೂ ದಾಟಿತು. ಅದನ್ನು ಕೊಂಡರೆ ನಾನು ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಕೈಬಿಗಿ ಮಾಡಬೇಕಿತ್ತು. ಗೇಮಿಂಗ್ ಪಿಸಿಯಲ್ಲಿ ಕೈಬಿಗಿ ಮಾಡಲೇಬಾರದ ಜಾಗ ಅದು.

ಅಕ್ಕ ಲೆಕ್ಕಪತ್ರದ ಕೆಲಸಕ್ಕೆ ಅಂತ ತಗೊಂಡಿದ್ದ ಡೆಸ್ಕ್‌ಟಾಪ್ ಅದರ ಬೋರ್ಡ್ ಸುಟ್ಟು ಅಟ್ಟ ಸೇರಿತ್ತು. ಬಿಚ್ಚಿ ನೋಡಿದರೆ ಒಳಗೆ 8 ಜಿಬಿಯ ಎರಡು ಡಿಡಿಆರ್4 ಸ್ಟಿಕ್. ಸ್ಟಿಕರ್ ಮೇಲೆ ಸಣ್ಣ ಅಕ್ಷರದಲ್ಲಿ 'ಪಿಸಿ4-3200ಎಎ-ಯುಎ2-11' ಅಂತ ಅಚ್ಚಾಗಿದೆ. ಹಳೇ ರ‍್ಯಾಮ್ ಕೈಗೆ ಸಿಕ್ಕರೆ ಈ ಸಾಲನ್ನು ಓದಿ. 3200 ಅಂದರೆ ವೇಗ. ಆಮೇಲೆ ಬರುವ 'ಯು' ಅಂದರೆ ಸಾಮಾನ್ಯ ಡೆಸ್ಕ್‌ಟಾಪ್ ರ‍್ಯಾಮ್. ಅಲ್ಲಿ 'ಎಸ್' ಇದ್ದರೆ ಲ್ಯಾಪ್‌ಟಾಪ್‌ನದು, ಉದ್ದವೇ ಬೇರೆ, ಸ್ಲಾಟ್‌ಗೆ ಕೂರುವುದಿಲ್ಲ. 'ಆರ್' ಇದ್ದರೆ ಸರ್ವರ್‌ನದು, ಅದೂ ಆಗುವುದಿಲ್ಲ. ಗೆಳೆಯನ ಮನೆಯ ಪಿಸಿಗೆ ಹಾಕಿ ರಾತ್ರಿಯಿಡೀ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿದೆವು. ಒಂದೂ ಎರರ್ ಇಲ್ಲ.

ಎಎಂ5 ಬೋರ್ಡ್‌ಗೆ ಡಿಡಿಆರ್4 ಹಾಕಲಾಗುವುದಿಲ್ಲ, ಹೀಗಾಗಿ ಇಡೀ ಪಟ್ಟಿ ಅದಕ್ಕಿಂತ ಹಿಂದಿನ ಸಾಕೆಟ್ ಆದ ಎಎಂ4 ಕಡೆಗೆ ತಿರುಗಿತು. ಈಗಲೂ ಎಎಂ4 ತಗೊಳ್ಳುವುದಾ ಅಂತ ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಕೈಯಲ್ಲಿ ಒಳ್ಳೇ ಡಿಡಿಆರ್4 ಇದ್ದರೆ ಖಂಡಿತ ತಗೊಳ್ಳಿ. ಇಲ್ಲದಿದ್ದರೆ ಮತ್ತೆ ಲೆಕ್ಕ ಹಾಕಿ, ಯಾಕೆಂದರೆ ಡಿಡಿಆರ್4 ರೇಟೂ ಏರಿದೆ. ಅಕ್ಕನ ಸ್ಟಿಕ್‌ಗಳು ಸಿಎಲ್22. ಸಿಎಲ್ ಅಂದರೆ ಕೇಳಿದ ಡೇಟಾ ಕೊಡಲು ಸ್ಟಿಕ್ ಎಷ್ಟು ಕಾಯಿಸುತ್ತದೆ ಅನ್ನುವ ಲೆಕ್ಕ, ಕಡಿಮೆ ಇದ್ದಷ್ಟೂ ಒಳ್ಳೆಯದು. ಗೇಮಿಂಗ್‌ಗೆ ಅಂತ ಮಾರುವ ಸಿಎಲ್16 ಕಿಟ್‌ಗಿಂತ ಸ್ವಲ್ಪ ನಿಧಾನ. ಎರಡು ಸ್ಟಿಕ್ ಇರುವುದರಿಂದ ಡ್ಯುಯಲ್ ಚಾನೆಲ್ ಸಿಗುತ್ತದೆ, ಅಂದರೆ ಎರಡೂ ಒಟ್ಟಿಗೆ ಡೇಟಾ ಕೊಡುತ್ತವೆ, ನನಗೆ ಅದೇ ಮುಖ್ಯ. ನಾಲ್ಕು ಸ್ಲಾಟ್‌ಗಳಲ್ಲಿ ಎರಡನೆಯದು, ನಾಲ್ಕನೆಯದಕ್ಕೆ ಹಾಕಬೇಕು.

ಪ್ರೊಸೆಸರ್ ರೈಜೆನ್ 5 5600. 2022ರದು, 6 ಕೋರ್, 12 ಥ್ರೆಡ್, 65 ವ್ಯಾಟ್. ಡಬ್ಬದಲ್ಲೇ ಕೂಲರ್ ಬರುತ್ತದೆ. ಇದನ್ನು ಕೊಳ್ಳುವಾಗ ಒಂದು ಅಕ್ಷರದ ಮೇಲೆ ಕಣ್ಣಿಡಿ. ಬೆಂಗಳೂರಿನ ಎಸ್‌ಪಿ ರೋಡ್‌ನ ಒಂದು ಅಂಗಡಿಯಲ್ಲಿ ಕೊಟೇಶನ್ ಕೇಳಿದರೆ ಚೀಟಿಯಲ್ಲಿ 5600ಜಿ ಅಂತ ಬರೆದುಕೊಟ್ಟರು. ಎರಡೂ ಒಂದೇ ಸರ್ ಅಂದರು. ಒಂದೇ ಅಲ್ಲ. 5600ರಲ್ಲಿ ಎಲ್3 ಕ್ಯಾಶ್, ಅಂದರೆ ಪ್ರೊಸೆಸರ್ ಒಳಗಿನ ವೇಗದ ಮೆಮೊರಿ, 32 ಎಂಬಿ, 5600ಜಿಯಲ್ಲಿ ಬರೀ 16 ಎಂಬಿ. ಆಟಗಳಿಗೆ ಈ ಕ್ಯಾಶ್ ತುಂಬಾ ಬೇಕು. ಕಾರ್ಡ್‌ಗೂ ಪ್ರೊಸೆಸರ್‌ಗೂ ನಡುವಿನ ದಾರಿಯಾದ ಪಿಸಿಐಇ ಕೂಡ 5600ಜಿಯಲ್ಲಿ ಹಳೇ 3.0ಕ್ಕೇ ನಿಲ್ಲುತ್ತದೆ. ಬೇರೆ ಕಾರ್ಡ್ ಹಾಕದೆ, ಒಳಗಿನ ಗ್ರಾಫಿಕ್ಸ್‌ನಲ್ಲೇ ಕೆಲಸ ನಡೆಸುವವರಿಗೆ 'ಜಿ' ಒಳ್ಳೆಯದು. 5500ಕ್ಕೂ ಇದೇ ಕೊರತೆ ಇದೆ, ಅದರಲ್ಲಿ ಒಳಗಿನ ಗ್ರಾಫಿಕ್ಸ್ ಕೂಡ ಇಲ್ಲ. ಪಕ್ಕದ ಅಂಗಡಿಯಲ್ಲಿ 5600 ಸಿಕ್ಕಿತು.

ಎಸ್‌ಪಿ ರೋಡ್‌ಗೆ ಹೋಗುವವರಿಗೆ ಒಂದು ಮಾತು. ನಾನು ತುಮಕೂರಿನಿಂದ ರೈಲಿನಲ್ಲಿ ಹೋಗಿ ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಹತ್ತುತ್ತೇನೆ. ಮುಂದಿನ ಸ್ಟೇಷನ್ನೇ ಚಿಕ್ಕಪೇಟೆ, ಅಲ್ಲಿಂದ ನಡೆದರೆ ಆಯ್ತು. ಆನ್‌ಲೈನ್ ರೇಟನ್ನು ಮೊಬೈಲ್‌ನಲ್ಲಿ ತೆಗೆದಿಟ್ಟುಕೊಂಡು ಮಾತಾಡಿ. ಜಿಎಸ್‌ಟಿ ಬಿಲ್ ಬೇಕೇ ಬೇಕು ಅಂತ ಮೊದಲೇ ಹೇಳಿ, ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ನಾಳೆ ವಾರಂಟಿ ಕೇಳುವಾಗ ಅದೇ ಆಧಾರ.

ಬೋರ್ಡ್ ಬಿ550. ಬಿ450 ಅಗ್ಗಕ್ಕೆ ಸಿಗುತ್ತಿತ್ತು, ಆದರೆ ಅದು ಪಿಸಿಐಇ 3.0. ಹಿಂಬದಿಯಲ್ಲಿ ಬಯಾಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಮಾಡೆಲ್ಲನ್ನೇ ಹುಡುಕಿ ತಂದೆ. ಹಳೇ ಸ್ಟಾಕ್ ಬೋರ್ಡ್‌ಗೆ 5600ರ ಗುರುತು ಸಿಗದಿದ್ದರೆ, ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್‌ನಿಂದ ಬಯಾಸ್ ಅಪ್‌ಡೇಟ್ ಮಾಡಬಹುದು.

ಈಗ ಕಾರ್ಡ್. ಇದನ್ನು ನಿರ್ಧರಿಸಿದ್ದು ಮಾನಿಟರ್. 27 ಇಂಚಿನ 1440ಪಿ (2560×1440) ಪರದೆ ಬೇಕು ಅಂತ ಮೊದಲಿನಿಂದಲೂ ಆಸೆ. 1080ಪಿಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್, 1440ಪಿಯಲ್ಲಿ ಸುಮಾರು 36.9 ಲಕ್ಷ. ಈ ಹೆಚ್ಚಿನ ಹೊರೆ ಬಹುಪಾಲು ಬೀಳುವುದು ಕಾರ್ಡ್ ಮೇಲೆ, ಪ್ರೊಸೆಸರ್ ಮೇಲಲ್ಲ. ಅದಕ್ಕೇ 5600 ಸಾಕು ಅಂತ ಧೈರ್ಯವಾಗಿ ಹೇಳುತ್ತಿದ್ದೇನೆ. ಸೈಬರ್‌ಪಂಕ್ 2077 ಥರದ ಆಟದಲ್ಲಿ ಸುಸ್ತಾಗುವುದು ಕಾರ್ಡೇ ಮೊದಲು. ಬರೀ ವ್ಯಾಲೊರಂಟ್ ಆಡುವವರಿಗೆ ಈ ಲೆಕ್ಕ ತಲೆಕೆಳಗು, ಅಲ್ಲಿ ಪ್ರೊಸೆಸರ್ ಮುಖ್ಯ.

ಆರಿಸಿದ್ದು ರೇಡಿಯಾನ್ ಆರ್‌ಎಕ್ಸ್ 9060 ಎಕ್ಸ್‌ಟಿ, 16 ಜಿಬಿಯದು. ಇದೇ ಹೆಸರಿನಲ್ಲಿ 8 ಜಿಬಿಯದೂ ಮಾರಾಟಕ್ಕಿದೆ, ಆರ್ಡರ್ ಮಾಡುವ ಮುಂಚೆ ಎರಡು ಸಲ ನೋಡಿ. 1440ಪಿಯಲ್ಲಿ ಟೆಕ್ಸ್ಚರ್ ಸೆಟ್ಟಿಂಗ್ ಮೇಲಕ್ಕಿಟ್ಟರೆ ಕಾರ್ಡಿನ 8 ಜಿಬಿ ಮೆಮೊರಿ ತುಂಬಿಹೋಗುತ್ತದೆ. ತುಂಬಿದ ಮೇಲೆ ಆಟ ತಡೆತಡೆದು ಓಡುತ್ತದೆ, ಸರಾಸರಿ ಎಫ್‌ಪಿಎಸ್ ಎಷ್ಟೇ ತೋರಿಸಲಿ. ಎನ್ವಿಡಿಯಾದ ಆರ್‌ಟಿಎಕ್ಸ್ 5060 ಟಿಐ 16 ಜಿಬಿ ಕೂಡ ಒಳ್ಳೇ ಕಾರ್ಡ್. ಕಡಿಮೆ ಪಿಕ್ಸೆಲ್‌ನ ಚಿತ್ರವನ್ನು ಎಐನಿಂದ ಹಿಗ್ಗಿಸಿ ಎಫ್‌ಪಿಎಸ್ ಏರಿಸುವ ಅದರ ಡಿಎಲ್‌ಎಸ್‌ಎಸ್ ಹೆಚ್ಚು ಆಟಗಳಲ್ಲಿದೆ, ಬ್ಲೆಂಡರ್‌ನಲ್ಲಿ 3ಡಿ ಕೆಲಸ ಮಾಡುವವರಿಗೆ ಆ ಕಾರ್ಡೇ ವಾಸಿ. ನನಗೆ ಬೇಕಿರುವುದು ಆಟ ಮಾತ್ರ, ಬೆಲೆಯ ಅಂತರ ನೋಡಿ ಇತ್ತ ಬಂದೆ.

ನಾನು ಜಾಸ್ತಿ ತಲೆ ಕೆಡಿಸಿಕೊಂಡದ್ದು ಎಸ್‌ಎಂಪಿಎಸ್, ಅಂದರೆ ಪಿಸಿಯ ಪವರ್ ಸಪ್ಲೈ ವಿಷಯಕ್ಕೆ. ನಮ್ಮ ಬೀದಿಯಲ್ಲಿ ಮಳೆ ಹನಿ ಬಿದ್ದರೆ ಕರೆಂಟ್ ಹೋಗುತ್ತದೆ. ಕಾರ್ಡ್ 160 ವ್ಯಾಟ್, ಪ್ರೊಸೆಸರ್ 65, ಉಳಿದದ್ದೆಲ್ಲ ಸೇರಿದರೂ 300ರ ಆಸುಪಾಸು. 550 ವ್ಯಾಟ್ ಸಾಕಾಗುತ್ತದೆ. 80 ಪ್ಲಸ್ ಬ್ರಾಂಜ್, ಗೋಲ್ಡ್ ಅನ್ನುವ ಮುದ್ರೆ ಎಷ್ಟು ಕರೆಂಟ್ ಪೋಲಾಗುತ್ತದೆ ಅನ್ನುವುದನ್ನಷ್ಟೇ ಹೇಳುತ್ತದೆ. ಶಾರ್ಟ್ ಆದಾಗ, ವೋಲ್ಟೇಜ್ ಏರಿದಾಗ ಕಾಪಾಡುತ್ತದಾ ಅನ್ನುವುದಕ್ಕೆ ರಿವ್ಯೂ ಓದಲೇಬೇಕು. ಕ್ಯಾಬಿನೆಟ್ ಜೊತೆ ಪುಕ್ಕಟೆ ಕೊಡುವ ಎಸ್‌ಎಂಪಿಎಸ್ ದಯವಿಟ್ಟು ಬೇಡ.

ಮನೆಯಲ್ಲಿ ಇನ್ವರ್ಟರ್ ಇದೆ ಅಲ್ವಾ, ಯುಪಿಎಸ್ ಯಾಕೆ ಅಂತ ಅಪ್ಪ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಕರೆಂಟ್ ಹೋದ ಮೇಲೆ ಎಸ್‌ಎಂಪಿಎಸ್ ತನ್ನೊಳಗಿನ ಕೆಪಾಸಿಟರ್‌ನ ಬಲದಲ್ಲಿ ಸುಮಾರು 16 ಮಿಲಿಸೆಕೆಂಡ್ ತಡೆಯುತ್ತದೆ. ಇನ್ವರ್ಟರ್ ಅಷ್ಟರೊಳಗೆ ಬದಲಾದರೆ ಪಿಸಿ ಉಳಿಯುತ್ತದೆ, ತಡವಾದರೆ ರೀಸ್ಟಾರ್ಟ್. ನಮ್ಮ ಇನ್ವರ್ಟರ್ ಹಿಂದೆ ಒಂದು ಸ್ವಿಚ್ ಇದೆ, ನಾರ್ಮಲ್ ಮತ್ತು ಯುಪಿಎಸ್ ಅಂತ. ಫ್ಯಾನು, ಲೈಟಿಗೆ ನಾರ್ಮಲ್ ನಡೆಯುತ್ತದೆ, ಪಿಸಿಗೆ ಯುಪಿಎಸ್ ಮೋಡ್‌ನಲ್ಲೇ ಇರಬೇಕು. ಮೊದಲು ಹಾಗೆ ಇಟ್ಟು ನೋಡುತ್ತೇನೆ. ತಡೆಯದಿದ್ದರೆ 1000 ವಿಎ ಯುಪಿಎಸ್. ಅಂಗಡಿಯಲ್ಲಿ ಎಲ್ಲರೂ ಕೊಡುವ 600 ವಿಎ ಸುಮಾರು 360 ವ್ಯಾಟ್ ಮಾತ್ರ, ಮಾನಿಟರ್ ಸೇರಿದರೆ ಅಂಚಿಗೆ ಬರುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಆ ಪ್ಲಗ್‌ನ ಅರ್ಥಿಂಗ್ ಕೂಡ ನೋಡಿಸಿದೆ. ಹಳೇ ಮನೆಗಳಲ್ಲಿ ಮೂರನೇ ತೂತು ಸುಮ್ನೆ ಇರುತ್ತದೆ, ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತದೆ.

ಎಸ್‌ಎಸ್‌ಡಿ 1 ಟಿಬಿ ಎನ್‌ವಿಎಂಇ, ಬೋರ್ಡಿನ ಮೇಲಿನ ಎಂ.2 ಸ್ಲಾಟ್‌ಗೆ. ಕ್ಯಾಬಿನೆಟ್ ಇನ್ನೂ ಆರಿಸಿಲ್ಲ. ಮುಂದೆ ಜಾಲರಿ, ಅದರ ಹಿಂದೆ ತೊಳೆಯಲು ಬರುವ ಡಸ್ಟ್ ಫಿಲ್ಟರ್, ಕಾರ್ಡಿನ ಉದ್ದಕ್ಕೆ ಜಾಗ. ಇಷ್ಟಿದ್ದರೆ ಬಣ್ಣದ ಲೈಟ್ ಇಲ್ಲದಿದ್ದರೂ ನಡೆಯುತ್ತದೆ.

5600ರಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಬರುವವರೆಗೆ ಪರದೆ ಮೇಲೆ ಏನೂ ಕಾಣುವುದಿಲ್ಲ. ಅಲ್ಲಿಯವರೆಗೆ ಕಾದರೆ ಬೋರ್ಡ್ ಬದಲಾಯಿಸಿಕೊಳ್ಳುವ ಅವಧಿ ಮುಗಿದುಹೋಗುತ್ತದೆ. ಅದಕ್ಕೇ ಗೆಳೆಯನ ಹಳೇ ಜಿಟಿ 710 ಕಾರ್ಡ್ ಕೇಳಿಟ್ಟಿದ್ದೇನೆ. ಈ ವಾರ ಎಸ್‌ಎಂಪಿಎಸ್ ಬರುತ್ತದೆ. ಭಾನುವಾರ ಬೋರ್ಡನ್ನು ಅದರ ಡಬ್ಬದ ಮೇಲೆಯೇ ಇಟ್ಟು ಆನ್ ಮಾಡಿ, ಬಯಾಸ್‌ನಲ್ಲಿ 16 ಜಿಬಿ, 3200 ಎರಡೂ ಸರಿಯಾಗಿ ತೋರಿಸುತ್ತದಾ ನೋಡಬೇಕು.