ಆಸ್ಪತ್ರೆಯ ಹೆಸರಿನೊಳಗಿನ ನ್ಯಾಯಮೂರ್ತಿ

ನಮ್ಮ ಕಾಸರಗೋಡಿನ ಕಡೆ "ಕೆ.ಎಸ್. ಹೆಗ್ಡೆಗೆ ಕರೆದುಕೊಂಡು ಹೋಗಿದ್ದಾರೆ" ಎಂದು ಯಾರಾದರೂ ಹೇಳಿದರೆ, ಯಾರನ್ನು, ಯಾವ ವಾರ್ಡಿಗೆ ಎಂದು ಕೇಳುತ್ತೇವೆಯೇ ಹೊರತು ಕೆ.ಎಸ್. ಹೆಗ್ಡೆ ಎಂದರೆ ಯಾರು ಎಂದು ಕೇಳುವುದಿಲ್ಲ. ಆ ಹೆಸರು ನಮಗೆ ಮಂಗಳೂರಿನ ಬಳಿಯ ದೇರಳಕಟ್ಟೆಯ ಒಂದು ದೊಡ್ಡ ಆಸ್ಪತ್ರೆ ಕಟ್ಟಡ, ತೊಕ್ಕೊಟ್ಟಿನಲ್ಲಿ ಬಸ್ಸು ಬದಲಿಸಿ ಹೋಗಬೇಕಾದ ಜಾಗ. ಕಳೆದ ಮಳೆಗಾಲದಲ್ಲಿ ಅಮ್ಮನ ಮೊಣಕಾಲಿನ ಚಿಕಿತ್ಸೆಗಾಗಿ ನಾನೂ ಅಲ್ಲಿ ಎಂಟು ದಿನ ಬೆಂಚಿನ ಮೇಲೆ ಕಳೆದೆ. ಪಕ್ಕದ ಹಾಸಿಗೆಯ ರೋಗಿಯ ಜತೆಗಿದ್ದ ಉಪ್ಪಳದ ಹುಡುಗನೊಬ್ಬ ಔಷಧದ ಚೀಟಿಯ ತಲೆಬರಹ ನೋಡುತ್ತಾ, "ಮಾವ, ಈ ಹೆಗ್ಡೆಯವರು ದೊಡ್ಡ ಡಾಕ್ಟರಾ?" ಎಂದು ಕೇಳಿದ. ಚೀಟಿಯಲ್ಲಿ ಹೆಸರಿನ ಮೊದಲು 'ಜಸ್ಟಿಸ್' ಎಂದು ಅಚ್ಚಾಗಿತ್ತು. ಅವನು ಅದನ್ನು ಓದಿರಲಿಲ್ಲ, ಅಥವಾ ಓದಿಯೂ ಅದು ಹೆಸರಿನದೇ ಒಂದು ತುಂಡು ಎಂದುಕೊಂಡಿದ್ದ. ಮೂವತ್ತು ವರ್ಷ ವಕೀಲರ ಗುಮಾಸ್ತನಾಗಿ ತೀರ್ಪಿನ ನಕಲುಗಳನ್ನು ಹೊತ್ತು ತಿರುಗಿದ ನಾನು, ಅವನಿಗೆ ಎರಡು ವಾಕ್ಯಕ್ಕಿಂತ ಹೆಚ್ಚು ಹೇಳಲಾರದೆ ಸುಮ್ಮನಾದೆ. ಈ ಬರಹ ಆ ನಾಚಿಕೆಯಿಂದ ಹುಟ್ಟಿದ್ದು.

ಕೌಡೂರು ಸದಾನಂದ ಹೆಗ್ಡೆಯವರು 1909ರಲ್ಲಿ ಕಾರ್ಕಳ ತಾಲೂಕಿನ ಕೌಡೂರಿನಲ್ಲಿ ಹುಟ್ಟಿದವರು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನಲ್ಲೂ ಮದ್ರಾಸಿನಲ್ಲೂ ಓದಿ ವಕೀಲರಾದರು, ಸ್ವಾತಂತ್ರ್ಯದ ಆಸುಪಾಸಿನ ವರ್ಷಗಳಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಸರಕಾರಿ ವಕೀಲರಾಗಿದ್ದರು. ಆಗ ಕಾಸರಗೋಡು ಅದೇ ಜಿಲ್ಲೆಯ ಒಂದು ತಾಲೂಕು ಎಂಬುದನ್ನು ಇಂದಿನ ಮಕ್ಕಳಿಗೆ ನೆನಪಿಸಬೇಕಾಗಿದೆ. 1952ರಲ್ಲಿ ಅವರು ಮದ್ರಾಸ್ ರಾಜ್ಯದಿಂದ ರಾಜ್ಯಸಭೆಗೆ ಹೋದಾಗಲೂ ನಾವು ಅದೇ ರಾಜ್ಯದಲ್ಲಿದ್ದೆವು. 1956ರ ನವೆಂಬರ್ 1ರಂದು ರಾಜ್ಯಗಳ ನಡುವೆ ಹೊಸ ಗೆರೆ ಎಳೆದಾಗ ಅವರ ಊರು ಆಚೆಗೆ, ಮೈಸೂರು ರಾಜ್ಯಕ್ಕೆ, ನಮ್ಮ ಊರು ಈಚೆಗೆ, ಕೇರಳಕ್ಕೆ ಆಯಿತು. 1957ರಲ್ಲಿ ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾದರು, 1966ರಲ್ಲಿ ಹೊಸದಾಗಿ ಸ್ಥಾಪನೆಯಾದ ದೆಹಲಿ ಹೈಕೋರ್ಟಿನ ಮೊದಲ ಮುಖ್ಯ ನ್ಯಾಯಮೂರ್ತಿಯಾದರು, ಮರುವರ್ಷ ಸುಪ್ರೀಂ ಕೋರ್ಟಿಗೆ ಹೋದರು.

ಅವರ ತೀರ್ಪುಗಳಲ್ಲಿ ನನಗೆ ಅತ್ಯಂತ ಹತ್ತಿರವಾದದ್ದು, ಎಲ್ಲರೂ ಹೆಸರಿಸುವ ದೊಡ್ಡ ತೀರ್ಪಲ್ಲ, 1969ರ ಕ್ರೈಪಾಕ್ ಪ್ರಕರಣದ ತೀರ್ಪು. ಜಮ್ಮು ಮತ್ತು ಕಾಶ್ಮೀರದಲ್ಲಿ ಭಾರತೀಯ ಅರಣ್ಯ ಸೇವೆಗೆ ಅಧಿಕಾರಿಗಳನ್ನು ಆಯ್ಕೆ ಮಾಡಲು ಒಂದು ಮಂಡಳಿ ಕೂತಿತ್ತು. ಆ ಮಂಡಳಿಯ ಸದಸ್ಯರಲ್ಲಿ ಒಬ್ಬರಾದ ಹಂಗಾಮಿ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ ಸ್ವತಃ ಅದೇ ಹುದ್ದೆಯ ಅಭ್ಯರ್ಥಿಯೂ ಆಗಿದ್ದರು. ತಮ್ಮ ಹೆಸರು ಚರ್ಚೆಗೆ ಬಂದಾಗ ಅವರು ಮಂಡಳಿಯಲ್ಲಿ ಕೂರಲಿಲ್ಲ. ಆದರೆ ತಮ್ಮ ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಕೂತಿದ್ದರು, ಯಾರು ಮೇಲೆ, ಯಾರು ಕೆಳಗೆ ಎಂಬ ಪಟ್ಟಿ ತಯಾರಾಗುವಾಗಲೂ ಕೂತಿದ್ದರು. ಪಟ್ಟಿಯ ಮೊದಲಲ್ಲೇ ಅವರದೇ ಹೆಸರಿತ್ತು. ಇದು ಕೇವಲ ಆಡಳಿತದ ವಿಷಯ, ನ್ಯಾಯಾಲಯದ ಕಲಾಪವಲ್ಲ, ಹಾಗಾಗಿ ತನ್ನ ವಿಷಯದಲ್ಲಿ ತಾನೇ ತೀರ್ಪುಗಾರನಾಗಬಾರದು ಎಂಬಂಥ ಸಹಜ ನ್ಯಾಯದ ನಿಯಮಗಳು ಇಲ್ಲಿ ಅನ್ವಯಿಸುವುದಿಲ್ಲ ಎಂಬ ವಾದವನ್ನು, ಐವರು ನ್ಯಾಯಮೂರ್ತಿಗಳ ಪೀಠದ ಪರವಾಗಿ ಬರೆದ ಹೆಗ್ಡೆಯವರು ಒಪ್ಪಲಿಲ್ಲ. ಆಡಳಿತದ ಅಧಿಕಾರಕ್ಕೂ ನ್ಯಾಯಾಂಗದಂಥ ಅಧಿಕಾರಕ್ಕೂ ನಡುವಿನ ಗೆರೆ ತೀರ ತೆಳುವಾಗಿದೆ, ಅದು ಅಳಿಸಿಹೋಗುತ್ತಲೂ ಇದೆ ಎಂಬುದು ಅವರ ನಿಲುವಾಗಿತ್ತು, ಆಯ್ಕೆ ರದ್ದಾಯಿತು.

ಈ ತೀರ್ಪು ನನಗೆ ಅರ್ಥವಾದದ್ದು ಓದಿನಿಂದಲ್ಲ. ಎಷ್ಟೋ ವರ್ಷಗಳ ಹಿಂದೆ ನಮ್ಮ ಕಡೆಯ ಒಂದು ಶಾಲೆಯಲ್ಲಿ ಅಧ್ಯಾಪಕರ ನೇಮಕಾತಿ ನಡೆದಾಗ ಸಂದರ್ಶನದ ಕೋಣೆಯಲ್ಲಿ ಕಡತ ಜೋಡಿಸಿಡುವ ಕೆಲಸಕ್ಕೆ ನನ್ನನ್ನು ಕರೆದಿದ್ದರು. ಸಮಿತಿಯಲ್ಲಿದ್ದ ಹಿರಿಯರೊಬ್ಬರ ತಂಗಿಯ ಮಗ ಅಭ್ಯರ್ಥಿಯಾಗಿದ್ದ. ಅವನನ್ನು ಒಳಗೆ ಕರೆದಾಗ ಹಿರಿಯರು ಬಹಳ ಗಾಂಭೀರ್ಯದಿಂದ ಎದ್ದು, "ನಾನು ಇರಬಾರದು" ಎಂದು ಹೇಳಿ ವರಾಂಡಕ್ಕೆ ಹೋಗಿ ಚಹಾ ಕುಡಿದರು. ಅವನು ಹೊರಬಂದ ಕೂಡಲೇ ಅವರು ಒಳಬಂದರು, ಉಳಿದ ಹನ್ನೊಂದು ಮಂದಿಗೆ ಪೆನ್ಸಿಲಿನಲ್ಲಿ ಅಂಕ ಹಾಕಿದರು. ಆ ಪೆನ್ಸಿಲಿನ ಗುರುತುಗಳನ್ನು ಶಾಯಿಯಲ್ಲಿ ತಿದ್ದಿದವನು ನಾನೇ. ಕೆಲಸ ಯಾರಿಗೆ ಸಿಕ್ಕಿತೆಂದು ಬರೆಯುವ ಅಗತ್ಯವಿಲ್ಲ. ಅಂದು ನನಗೆ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ, ಹಿರಿಯರು ಎದ್ದು ಹೋದದ್ದೇ ದೊಡ್ಡತನವೆಂದು ಮನೆಯಲ್ಲಿ ಹೇಳಿಯೂ ಇದ್ದೆ. ಮುಂದೆ ಇನ್ನಾವುದೋ ಅಪೀಲಿನ ಕಡತಕ್ಕಾಗಿ ಕ್ರೈಪಾಕ್ ತೀರ್ಪಿನ ನಕಲು ತೆಗೆಯುವಾಗ ಆ ಚಹಾದ ಲೋಟ ಕಣ್ಣ ಮುಂದೆ ಬಂತು.

ಇನ್ನು ಎಲ್ಲರೂ ಹೆಸರಿಸುವ ಆ ತೀರ್ಪು. ಚೆರ್ಕಳದಿಂದ ಕಲ್ಲಡ್ಕ ರಸ್ತೆಯಲ್ಲಿ ಸ್ವಲ್ಪ ದೂರ ಹೋದರೆ ಎಡನೀರು ಮಠ. ಯಕ್ಷಗಾನದ ಪದಗಳನ್ನು ತಾವೇ ಹಾಡುತ್ತಿದ್ದ ಕೇಶವಾನಂದ ಭಾರತೀ ಸ್ವಾಮೀಜಿಯವರು, ಕೇರಳದ ಭೂಸುಧಾರಣಾ ಕಾನೂನಿನಿಂದ ಮಠದ ಜಮೀನು ಕೈತಪ್ಪುವ ಸ್ಥಿತಿ ಬಂದಾಗ, 1970ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಹದಿಮೂರು ನ್ಯಾಯಮೂರ್ತಿಗಳು 68 ದಿನ ವಾದ ಕೇಳಿ 1973ರ ಏಪ್ರಿಲ್ 24ರಂದು, ಏಳಕ್ಕೆ ಆರರ ಬಹುಮತದಲ್ಲಿ, ಸಂಸತ್ತು ಸಂವಿಧಾನವನ್ನು ತಿದ್ದಬಹುದಾದರೂ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದು ತೀರ್ಮಾನಿಸಿದರು. ಹೆಗ್ಡೆಯವರು ಆ ಏಳು ಮಂದಿಯಲ್ಲಿ ಒಬ್ಬರು. ನ್ಯಾಯಮೂರ್ತಿ ಮುಖರ್ಜಿಯವರ ಜತೆ ಸೇರಿ ತಮ್ಮ ಅಭಿಪ್ರಾಯ ಬರೆದರು. ಕಾರ್ಕಳದ ನ್ಯಾಯಮೂರ್ತಿ, ಎಡನೀರಿನ ಅರ್ಜಿದಾರ, ಇಬ್ಬರೂ ಹಳೆಯ ಒಂದೇ ಜಿಲ್ಲೆಯವರು! ಆದರೂ ಈ ಸಂಗತಿಯನ್ನು ನಾವು ಅಷ್ಟಾಗಿ ಆಡಿಕೊಳ್ಳುವುದಿಲ್ಲ. ಒಂದು ಕಾರಣ, ಸ್ವಾಮೀಜಿಯವರಿಗೆ ಜಮೀನು ಮರಳಿ ಬರಲಿಲ್ಲ. ಇನ್ನೊಂದು ಕಾರಣ, ನಮ್ಮ ಮನೆಯಂಥ ಎಷ್ಟೋ ಮನೆಗಳು ಆ ವ್ಯಾಜ್ಯದ ಆಚೆ ಬದಿಯಲ್ಲಿದ್ದವು. ಅಜ್ಜ ಗೇಣಿಗೆ ತೋಟ ಮಾಡುತ್ತಿದ್ದವರು. ಅದೇ ಕಾನೂನಿನಿಂದ ಅವರಿಗೆ ಪಟ್ಟಯ, ಅಂದರೆ ಜಮೀನಿನ ಹಕ್ಕುಪತ್ರ, ಸಿಕ್ಕಿತು. ಮಠದ ಅರ್ಜಿ ದೆಹಲಿಯಲ್ಲಿರುವಷ್ಟು ಕಾಲ ಅಜ್ಜ ಅಡಿಕೆ ಒಣಹಾಕುವ ಅಂಗಳದಲ್ಲಿ ಪತ್ರಿಕೆ ಓದಿಸಿಕೊಂಡು ಕೇಳುತ್ತಿದ್ದರಂತೆ.

ತೀರ್ಪು ಬಂದ ಮರುದಿನವೇ ಮುಖ್ಯ ನ್ಯಾಯಮೂರ್ತಿ ಸಿಕ್ರಿಯವರು ನಿವೃತ್ತರಾದರು. ಸೇವಾ ಹಿರಿತನದಲ್ಲಿ ಮುಂದಿದ್ದ ಶೇಲಟ್, ಹೆಗ್ಡೆ, ಗ್ರೋವರ್ ಈ ಮೂವರನ್ನೂ ದಾಟಿ, ಸರಕಾರ ಎ.ಎನ್. ರೇ ಅವರನ್ನು ಆ ಸ್ಥಾನಕ್ಕೆ ನೇಮಿಸಿತು. ಮೂವರೂ ಬಹುಮತದಲ್ಲಿದ್ದವರು, ರೇ ಅವರು ಭಿನ್ನಮತದಲ್ಲಿದ್ದವರು. ಮೂವರೂ ರಾಜೀನಾಮೆ ಕೊಟ್ಟರು. ಬ್ಯಾಂಕ್ ರಾಷ್ಟ್ರೀಕರಣ ಮತ್ತು ರಾಜಧನದ (ಮಾಜಿ ಅರಸರಿಗೆ ಸರಕಾರ ಕೊಡುತ್ತಿದ್ದ ಹಣದ) ಪ್ರಕರಣಗಳಲ್ಲೂ ಹೆಗ್ಡೆಯವರು ಸರಕಾರಕ್ಕೆ ಒಗ್ಗದ ಬದಿಯಲ್ಲೇ ಇದ್ದರು ಎಂಬುದನ್ನು ಸೇರಿಸಿ ನೋಡಿದರೆ, ಸರಕಾರದ್ದು ಒಂದು ದಿನದ ಸಿಟ್ಟಾಗಿರಲಿಲ್ಲ ಎಂದೇ ನನ್ನ ಅನಿಸಿಕೆ. ಅಂದು ಅವರಿಗೆ ಅರುವತ್ತಮೂರು ವರ್ಷ.

ಅವರು ಮತ್ತೆ ರಾಜಕೀಯಕ್ಕೆ ಹೋದದ್ದು ನನಗೆ ಪೂರ್ತಿ ಹಿಡಿಸುವುದಿಲ್ಲ. ನ್ಯಾಯಪೀಠದಿಂದ ಎದ್ದವರು ಚುನಾವಣೆಗೆ ನಿಂತರೆ ಹಳೆಯ ತೀರ್ಪುಗಳನ್ನೂ ಜನ ಬೇರೆ ಕಣ್ಣಿನಿಂದ ಓದುತ್ತಾರೆ. 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಜನತಾ ಪಕ್ಷದಲ್ಲಿ ಗೆದ್ದು ಲೋಕಸಭೆಯ ಸ್ಪೀಕರ್ ಆದರು. ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆದ 44ನೇ ತಿದ್ದುಪಡಿ 1978ರಲ್ಲಿ ಲೋಕಸಭೆಯ ಮುಂದೆ ಬಂದಾಗ ಸ್ಪೀಕರ್ ಆಗಿದ್ದವರು, ಆಸ್ತಿಯ ಪ್ರಶ್ನೆಯಿಂದಲೇ ಹುಟ್ಟಿದ ಎಡನೀರಿನ ಅರ್ಜಿಯನ್ನು ಕೇಳಿದ ಅದೇ ಹೆಗ್ಡೆಯವರು.

ಊರಿನ ಕೆಲಸ ಶುರುವಾದದ್ದು 1979ರಲ್ಲಿ, ಕಾರ್ಕಳದ ಬಳಿಯ ನಿಟ್ಟೆಯಲ್ಲಿ ಎಜುಕೇಶನ್ ಟ್ರಸ್ಟ್ ಸ್ಥಾಪಿಸುವುದರೊಂದಿಗೆ. ಹಳ್ಳಿಯ ಮಕ್ಕಳು ಓದಿಗಾಗಿ ಪೇಟೆಗೆ ಹೋಗಬೇಕಾದ ಕಾಲದಲ್ಲಿ, 1986ರ ಹೊತ್ತಿಗೆ ಆ ಹಳ್ಳಿಯಲ್ಲೇ ಇಂಜಿನಿಯರಿಂಗ್ ಕಾಲೇಜು ಬಂತು. ನಮ್ಮ ಕಡೆಯ ಎಷ್ಟೋ ಹುಡುಗರು ಗಡಿ ದಾಟಿ ಅಲ್ಲಿ ಹಾಸ್ಟೆಲಿನಲ್ಲಿದ್ದು ಓದಿದರು. ಹೆಗ್ಡೆಯವರು 1990ರಲ್ಲಿ ತೀರಿಕೊಂಡರು. ದೇರಳಕಟ್ಟೆಯ ವೈದ್ಯಕೀಯ ಕಾಲೇಜು ಆರಂಭವಾದದ್ದು 1999ರಲ್ಲಿ. ತಮ್ಮ ಹೆಸರಿನ ಆಸ್ಪತ್ರೆಯನ್ನು ಅವರು ಕಾಣಲೇ ಇಲ್ಲ. 2020ರ ಮಾರ್ಚಿನಲ್ಲಿ ಕೊರೋನಾ ಕಾರಣಕ್ಕೆ ತಲಪಾಡಿಯ ಗಡಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದು, ಕಾಸರಗೋಡಿನ ರೋಗಿಗಳು ಆಚೆಗೆ ಹೋಗಲಾರದೆ ಹೋದಾಗ ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ನ್ಯಾಯಮೂರ್ತಿಯ ಹೆಸರಿನ ಆಸ್ಪತ್ರೆಗೆ ಹೋಗುವ ದಾರಿಯೇ ನ್ಯಾಯಾಲಯದ ವ್ಯಾಜ್ಯವಾದದ್ದನ್ನು ಅವರಿದ್ದಿದ್ದರೆ ಹೇಗೆ ನೋಡುತ್ತಿದ್ದರೋ!

ಡಿಸ್ಚಾರ್ಜ್ ಆಗಿ ಟ್ಯಾಕ್ಸಿಯಲ್ಲಿ ಮರಳುವಾಗ ಅಮ್ಮನಿಗೆ ಇದನ್ನೆಲ್ಲ ಹೇಳುತ್ತಾ ಬಂದೆ. ಕ್ರೈಪಾಕ್ ತೀರ್ಪನ್ನು ಅವರು ಸುಮ್ಮನೆ ಕೇಳಿಸಿಕೊಂಡರು, ಎಡನೀರಿನ ಹೆಸರು ಬಂದಾಗ ಮಾತ್ರ ನನ್ನ ಕಡೆ ತಿರುಗಿ ತುಳುವಿನಲ್ಲಿ, "ಹಾಗಾದರೆ ಆ ಕೇಸಿನಿಂದ ಅಪ್ಪನ ತೋಟಕ್ಕೆ ಏನೂ ಆಗಲಿಲ್ಲ ಅಲ್ವಾ?" ಎಂದು ಕೇಳಿದರು. ಐವತ್ತು ವರ್ಷ ಕಳೆದಿದೆ, ತೋಟ ನಮ್ಮದೇ ಆಗಿ ಉಳಿದಿದೆ, ಆದರೂ ಕೇಳಿದರು. ಇಲ್ಲ ಎಂದೆ. ಮಂಜೇಶ್ವರ ದಾಟುವಾಗ ಅವರು ಕಾಲು ನೀಡಿ ನಿದ್ದೆಹೋಗಿದ್ದರು.