ಜೀಪಿಗೂ ಛಾವಣಿ ಇಲ್ಲ, ಇದಕ್ಕೂ ಇಲ್ಲ: ಹಾಗಾದರೆ ವ್ಯತ್ಯಾಸ ಎಲ್ಲಿದೆ?

ಕೊಡಗಿನಲ್ಲಿ ಛಾವಣಿಯಿಲ್ಲದ ವಾಹನವನ್ನು ಯಾರೂ ಬೆರಗಿನಿಂದ ನೋಡುವುದಿಲ್ಲ. ತೋಟವಿರುವ ಮನೆಗಳಲ್ಲಿ ಒಂದಾದರೂ ಹಳೆಯ ಜೀಪು ಇರುತ್ತದೆ, ಮಳೆಗಾಲ ಕಳೆದು ಬಿಸಿಲು ಬಿದ್ದೊಡನೆ ಅದರ ಬಟ್ಟೆಯ ಹುಡ್ ಬಿಚ್ಚಿ ಅಟ್ಟಕ್ಕೆ ಹಾಕುತ್ತಾರೆ, ಮತ್ತೆ ಮುಂಗಾರಿನ ಮೊದಲ ಹನಿ ಬೀಳುವವರೆಗೆ ಅದರ ನೆನಪೇ ಇರುವುದಿಲ್ಲ. ಹೀಗಾಗಿ ನಮ್ಮ ಮನೆಯ ಬಿಎಂಡಬ್ಲ್ಯು ಝಡ್4 ಎಂ40ಐ ಎಂಬ, ಛಾವಣಿ ತೆರೆಯುವ ಎರಡು ಸೀಟಿನ ಸ್ಪೋರ್ಟ್ಸ್ ಕಾರನ್ನು ಗೋಣಿಕೊಪ್ಪದ ಪೇಟೆಯಲ್ಲಿ ನಿಲ್ಲಿಸಿದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಬೆಂಗಳೂರಿನಲ್ಲಿ ಕೇಳುವ ಮೈಲೇಜಿನ ಪ್ರಶ್ನೆಯಲ್ಲ. “ಜೀಪಿಗೂ ಛಾವಣಿ ಇಲ್ಲ, ಇದಕ್ಕೂ ಇಲ್ಲ. ಒಂದು ಭಾಗ ಕಡಿಮೆ ಇದ್ದ ಮೇಲೆ ಬೆಲೆಯೂ ಕಡಿಮೆಯಾಗಬೇಕಿತ್ತಲ್ಲವೇ?” ಎಂಬುದೇ ಇಲ್ಲಿನ ಪ್ರಶ್ನೆ. ಕೇಳುವವರು ಅರ್ಧ ತಮಾಷೆಗೆ ಕೇಳುತ್ತಾರೆ, ಆದರೆ ಪ್ರಶ್ನೆ ಬಹಳ ಒಳ್ಳೆಯದು. ಇಂಥ ಕಾರಿನ ಎಂಜಿನಿಯರಿಂಗ್ ಎಲ್ಲಿ ಅಡಗಿದೆಯೋ ಅಲ್ಲಿಗೇ ಅದು ನೇರವಾಗಿ ಕೈಯಿಡುತ್ತದೆ.

ಬೆಲೆಯ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಈ ಕಾರು ಆಸ್ಟ್ರಿಯಾದ ಗ್ರಾಜ್ ನಗರದ ಮ್ಯಾಗ್ನಾ ಸ್ಟೈಯರ್ ಕಾರ್ಖಾನೆಯಲ್ಲಿ, ತನ್ನ ಸೋದರನಾದ ಟೊಯೋಟಾ ಜಿಆರ್ ಸುಪ್ರಾದೊಂದಿಗೆ ತಯಾರಾಗಿ, ಪೂರ್ತಿ ಜೋಡಣೆಗೊಂಡೇ ಭಾರತಕ್ಕೆ ಬಂದದ್ದು. ಆದ್ದರಿಂದ ನಾವು ಕೊಡುವ ಹಣದಲ್ಲಿ ದೊಡ್ಡ ಪಾಲು ಆಮದು ಸುಂಕ ಮತ್ತು ತೆರಿಗೆಗೆ ಹೋಗುತ್ತದೆ. ಆ ಪಾಲಿಗೆ ಯಾವ ಎಂಜಿನಿಯರಿಂಗ್ ಸಮರ್ಥನೆಯೂ ಇಲ್ಲ, ನಾನು ಕೊಡಲು ಹೋಗುವುದೂ ಇಲ್ಲ. ಉಳಿದ ಪಾಲಿನ ಬಗ್ಗೆ ಮಾತ್ರ ಹೇಳುವುದಿದೆ.

ಜೀಪಿನ ಅಡಿಯಲ್ಲಿ ಒಮ್ಮೆ ಮಲಗಿ ನೋಡಿದವರಿಗೆ ಅದರ ಗುಟ್ಟು ಗೊತ್ತಿರುತ್ತದೆ. ಮುಂದಿನಿಂದ ಹಿಂದಿನವರೆಗೆ ಎರಡು ಉದ್ದನೆಯ ಉಕ್ಕಿನ ತೊಲೆಗಳು, ಅವುಗಳ ನಡುವೆ ಅಡ್ಡಪಟ್ಟಿಗಳು. ಎಂಜಿನ್, ಗೇರ್‌ಬಾಕ್ಸ್, ಪಟ್ಟಿ ಸ್ಪ್ರಿಂಗ್ ಎಲ್ಲವೂ ಆ ಚಾಸಿಗೇ ಬಿಗಿದಿರುತ್ತವೆ. ಮೇಲಿನ ಬಾಡಿ ಬೋಲ್ಟುಗಳಿಂದ ಕುಳಿತ ತಗಡು, ಅಷ್ಟೇ. ಹುಡ್ ತೆಗೆಯಿರಿ, ಗಾಜು ಮಡಚಿರಿ, ಬಾಗಿಲನ್ನೇ ಕಳಚಿರಿ, ಚಾಸಿಗೆ ಅದರ ಸುದ್ದಿಯೇ ಮುಟ್ಟುವುದಿಲ್ಲ. ಚಾಸಿ ಸ್ವಲ್ಪ ತಿರುಚಿಕೊಳ್ಳುತ್ತದೆ ನಿಜ, ಆದರೆ ತೋಟದ ದಾರಿಯಲ್ಲಿ ಒಂದು ಚಕ್ರ ಕಲ್ಲಿನ ಮೇಲೆ, ಇನ್ನೊಂದು ಚರಂಡಿಯಲ್ಲಿ ಇರುವಾಗ ಆ ತಿರುಚುವಿಕೆಯೇ ನಾಲ್ಕೂ ಚಕ್ರಗಳನ್ನು ನೆಲಕ್ಕೆ ತಾಗಿಸಿಡಲು ನೆರವಾಗುತ್ತದೆ. ನಿಧಾನವಾಗಿ ಹೋಗುವ ವಾಹನಕ್ಕೆ ಅದು ಗುಣವೇ ಹೊರತು ದೋಷವಲ್ಲ.

ಕಾರಿನ ಕತೆ ಬೇರೆ. ಇಂದಿನ ಕಾರಿಗೆ ಪ್ರತ್ಯೇಕ ಚಾಸಿ ಇಲ್ಲ. ನೆಲ, ಪಕ್ಕದ ತಗಡು, ಕಂಬಗಳು, ಛಾವಣಿ ಎಲ್ಲ ಒಂದಾಗಿ ಬೆಸೆದುಕೊಂಡ ಮಾನೊಕಾಕ್ ಬಾಡಿಯೇ ಚಾಸಿಯ ಕೆಲಸವನ್ನು ಮಾಡುತ್ತದೆ. ಛಾವಣಿ ಅಲ್ಲಿ ಮಳೆ ತಡೆಯುವ ಹೊದಿಕೆಯಲ್ಲ, ಭಾರ ಹೊರುವ ಅಂಗ. ಕಿತ್ತಳೆ ತುಂಬುವ ರಟ್ಟಿನ ಪೆಟ್ಟಿಗೆಯನ್ನು ಟೇಪು ಹಾಕಿ ಮುಚ್ಚಿ, ಎದುರುಬದುರಿನ ಮೂಲೆಗಳನ್ನು ಹಿಡಿದು ತಿರುಚಿ ನೋಡಿದರೆ ಅದು ಜಗ್ಗುವುದಿಲ್ಲ. ಮೇಲಿನ ಮುಚ್ಚಳವನ್ನು ಕತ್ತರಿಸಿದರೆ ಅದೇ ಪೆಟ್ಟಿಗೆ ಕೈಯಲ್ಲಿ ನುಲಿಯುತ್ತದೆ. ಮುಚ್ಚಿದ ಕೊಳವೆಯ ಬಿಗಿತ ಅದು ಸುತ್ತುವರಿದ ವಿಸ್ತೀರ್ಣವನ್ನು ಅವಲಂಬಿಸಿದೆ, ಒಂದು ಕಡೆ ಸೀಳಿದೊಡನೆ ಆ ಬಿಗಿತದ ಬಹುಪಾಲು ಹೋಗಿಬಿಡುತ್ತದೆ ಎಂಬುದು ಎಂಜಿನಿಯರಿಂಗ್ ಓದಿದವರಿಗೆಲ್ಲ ಪರಿಚಿತವಾದ ಲೆಕ್ಕ. ಬಾಡಿಯನ್ನೇ ಚಾಸಿಯಾಗಿ ಬಳಸಿದ ಮೊದಲ ಕಾರುಗಳಲ್ಲೊಂದಾದ, 1922ರಲ್ಲಿ ಪ್ರದರ್ಶನಕ್ಕೆ ಬಂದ ಇಟಲಿಯ ಲ್ಯಾನ್ಸಿಯಾ ಲ್ಯಾಂಬ್ಡಾ ತೆರೆದ ಕಾರೇ ಆಗಿತ್ತು. ಅದರ ಪಕ್ಕಗಳು ಬಹಳ ಎತ್ತರ, ಬಾಗಿಲುಗಳು ಬಹಳ ಗಿಡ್ಡ ಆಗಿದ್ದುದು ನೋಟಕ್ಕಾಗಿ ಅಲ್ಲ.

ಇಂದು ಅಂಥ ಗಿಡ್ಡ ಬಾಗಿಲನ್ನು ಯಾರೂ ಒಪ್ಪುವುದಿಲ್ಲವಾದ್ದರಿಂದ, ಮೇಲೆ ಕಳೆದುಕೊಂಡ ಬಲವನ್ನು ಕೆಳಗೆ ತುಂಬಬೇಕಾಗುತ್ತದೆ. ಬಾಗಿಲಿನ ಕೆಳಗಿನ ಹೊಸ್ತಿಲು ದಪ್ಪವಾಗುತ್ತದೆ, ನಡುವಿನ ಸುರಂಗ ಬಲವಾಗುತ್ತದೆ, ಸೀಟುಗಳ ಹಿಂದೆ ಅಡ್ಡಗೋಡೆ ಬರುತ್ತದೆ, ಮುಂಗಾಜಿನ ಕಂಬಗಳೊಳಗೆ ಅತಿ ಗಟ್ಟಿ ಉಕ್ಕು ಸೇರುತ್ತದೆ. ನೆಲದಡಿಯಲ್ಲಿ ಕರ್ಣರೇಖೆಯಂತೆ ಹಾಯುವ ಪಟ್ಟಿಗಳನ್ನೂ ಫಲಕಗಳನ್ನೂ ಬೋಲ್ಟಿನಿಂದ ಬಿಗಿಯುತ್ತಾರೆ, ಏಕೆಂದರೆ ಚೌಕ ಸುಲಭವಾಗಿ ಓರೆಯಾಗುತ್ತದೆ, ತ್ರಿಕೋನ ಆಗುವುದಿಲ್ಲ. ಜೊತೆಗೆ ಕಾರು ಮಗುಚಿದರೆ ತಲೆ ಕಾಯಲು ಸೀಟಿನ ಹಿಂದೆ ಗಟ್ಟಿಯಾದ ಕಮಾನುಗಳು ಬೇಕು. ಇವೆಲ್ಲಕ್ಕೂ ತೂಕವಿದೆ: ಪೋರ್ಷೆ 911ರ ಇತ್ತೀಚಿನ 992 ಪೀಳಿಗೆಯ ಕ್ಯಾಬ್ರಿಯೊಲೆ ತನ್ನ ಮುಚ್ಚಿದ ರೂಪಕ್ಕಿಂತ ಸುಮಾರು 70 ಕಿಲೋ ಹೆಚ್ಚು ತೂಗುತ್ತದೆ. ತೊಟ್ಟಿಯಾಕಾರದ ಒಂದೇ ಗಟ್ಟಿ ಕಾರ್ಬನ್ ಫೈಬರ್ ಚೌಕಟ್ಟಿನ ಮೇಲೆ ಕಟ್ಟಿದ ಮೆಕ್ಲಾರೆನ್ 720ಎಸ್ ಸ್ಪೈಡರ್‌ನಲ್ಲಿ ಆ ಹೆಚ್ಚಳ 49 ಕಿಲೋ ಮಾತ್ರ, ಅದೂ ಬಹುಮಟ್ಟಿಗೆ ಛಾವಣಿಯ ಯಂತ್ರವ್ಯವಸ್ಥೆಯದ್ದು. ತೊಟ್ಟಿಯೇ ಎಲ್ಲವನ್ನೂ ಹೊರುವುದರಿಂದ ಅಲ್ಲಿ ಛಾವಣಿಯ ಹಂಗಿಲ್ಲ. ಆಲೋಚಿಸಿದರೆ ಅದು ನಮ್ಮ ಜೀಪಿನ ತರ್ಕವೇ, ದುಡ್ಡು ಮಾತ್ರ ಬೇರೆ.

ಈ ಬಿಗಿತದ ಪರೀಕ್ಷೆಗೆ ಪೊನ್ನಂಪೇಟೆಯಿಂದ ಕುಟ್ಟದ ಕಡೆಗೆ ಹೋಗುವ ರಸ್ತೆ ಸಾಕು, ವಿಶೇಷವಾಗಿ ಮಳೆಗಾಲ ಮುಗಿದು ಡಾಂಬರಿನ ಅಂಚು ಕಿತ್ತುಹೋಗಿರುವ ತಿಂಗಳುಗಳಲ್ಲಿ. ಎಡಗಡೆಯ ಮುಂಚಕ್ರವೊಂದೇ ಗುಂಡಿಗೆ ಇಳಿದು ಏಳುವಾಗ ಒಳಗಿನ ಕನ್ನಡಿಯನ್ನು ಗಮನಿಸಬೇಕು. ದುರ್ಬಲವಾದ ತೆರೆದ ಕಾರಿನಲ್ಲಿ ಕನ್ನಡಿಯೊಳಗಿನ ದೃಶ್ಯ ಕ್ಷಣಕಾಲ ನಡುಗಿ ಮಸುಕಾಗುತ್ತದೆ, ಸ್ಟೇರಿಂಗ್ ಕಂಬ ಕೈಯೊಳಗೆ ಅಲುಗುತ್ತದೆ, ಬಾಗಿಲಿನ ರಬ್ಬರು ಕಿರುಗುಟ್ಟುತ್ತದೆ. ಚಕ್ರ ತನ್ನ ಸ್ಪ್ರಿಂಗಿನ ಮೇಲೆ ಕುಪ್ಪಳಿಸುವ ಕಂಪನ ಸೆಕೆಂಡಿಗೆ ಹತ್ತರಿಂದ ಹದಿನೈದು ಸಲದ ಆಸುಪಾಸಿನಲ್ಲಿರುತ್ತದೆ. ಬಾಡಿ ತಿರುಚಿಕೊಳ್ಳುವ ಸ್ವಾಭಾವಿಕ ಕಂಪನವೂ ಅದರ ಹತ್ತಿರ ಬಂದರೆ ಎರಡೂ ಪರಸ್ಪರ ಕೈಜೋಡಿಸುತ್ತವೆ. ಇದನ್ನು ತಗ್ಗಿಸಲು ಕೆಲವು ತಯಾರಕರು ಡಿಕ್ಕಿಯ ಮೂಲೆಗಳಲ್ಲಿ ರಬ್ಬರಿನ ಮೇಲೆ ಕೂರಿಸಿದ ಕಬ್ಬಿಣದ ಗಟ್ಟಿಗಳನ್ನು ಇಟ್ಟು, ಅವು ಎದುರು ದಿಕ್ಕಿಗೆ ಕಂಪಿಸುವಂತೆ ಮಾಡುತ್ತಾರೆ.

ನಡುಕ ಕೇವಲ ಸುಖದ ಪ್ರಶ್ನೆಯಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಸ್ಪ್ರಿಂಗಿನ ಕುಪ್ಪಳಿಕೆಯನ್ನು ಅಡಗಿಸುವ ಡ್ಯಾಂಪರ್ ಕೆಲಸ ಮಾಡಬೇಕಾದರೆ ಅದರ ಮೇಲಿನ ತುದಿ ಕದಲದೆ ನಿಂತಿರಬೇಕು. ಅದನ್ನು ಹಿಡಿದಿರುವ ಬಾಡಿಯೇ ಬಾಗಿದರೆ, ಚಕ್ರದ ಓರೆ ತಿರುವಿನ ನಡುವೆ ತಾನಾಗಿಯೇ ಬದಲಾಗುತ್ತದೆ, ಚಾಲಕ ತಿರುಗಿಸಿದಷ್ಟೇ ಕಾರು ತಿರುಗುತ್ತದೆಂಬ ಭರವಸೆ ಹೋಗುತ್ತದೆ. ಹೇರ್‌ಪಿನ್ ತಿರುವಿನಲ್ಲಿ ಒಂದು ಬದಿ ಗೋಡೆ, ಇನ್ನೊಂದು ಬದಿ ಪ್ರಪಾತ ಇರುವ ನಮ್ಮ ಘಾಟಿಯಲ್ಲಿ ಅಶ್ವಶಕ್ತಿಗಿಂತ ಈ ಭರವಸೆ ಮುಖ್ಯ ಎಂಬುದು ನನ್ನ ಖಚಿತ ಅಭಿಪ್ರಾಯ. ತೆರೆದ ಸ್ಪೋರ್ಟ್ಸ್ ಕಾರಿನಲ್ಲಿ ಹಣ ಕೊಟ್ಟು ಕೊಳ್ಳುವುದು ಇಲ್ಲದ ಛಾವಣಿಯನ್ನಲ್ಲ, ಅದರ ಬದಲಿಗೆ ಕಾಲಡಿಯಲ್ಲಿ ಸೇರಿಸಿದ ಉಕ್ಕನ್ನು.

ಇದರ ಹಿಂದಿನ ಪೀಳಿಗೆಯ ಝಡ್4ಗೆ, ಅಂದರೆ 2009ರಲ್ಲಿ ಬಂದದ್ದಕ್ಕೆ, ಮಡಚುವ ಲೋಹದ ಛಾವಣಿಯಿತ್ತು. 2018ರಲ್ಲಿ ಪ್ರದರ್ಶಿಸಿದ ಈ ಪೀಳಿಗೆಯಲ್ಲಿ ಮತ್ತೆ ಬಟ್ಟೆಗೇ ಮರಳಿದರು. ಲೋಹದ ಛಾವಣಿ ಮುಚ್ಚಿದಾಗ ಅಂದ, ಆದರೆ ಅದರ ತೂಕ ಕಾರಿನ ಅತ್ಯಂತ ಎತ್ತರದ ಜಾಗದಲ್ಲಿರುತ್ತದೆ, ತೆರೆದಾಗ ಡಿಕ್ಕಿಯ ದೊಡ್ಡ ಪಾಲನ್ನು ನುಂಗುತ್ತದೆ. ಬಟ್ಟೆಯ ಛಾವಣಿ ಹಗುರ. ತೆರೆದಿದ್ದರೂ ಮುಚ್ಚಿದ್ದರೂ ಡಿಕ್ಕಿ 281 ಲೀಟರ್ ಆಗಿಯೇ ಉಳಿಯುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗದವರೆಗೆ ಓಡುತ್ತಿರುವಾಗಲೇ ಹತ್ತು ಸೆಕೆಂಡುಗಳಲ್ಲಿ ಮುಚ್ಚಿಕೊಳ್ಳುತ್ತದೆ. ತಿತಿಮತಿಯ ಬಳಿ ಆನೆ ಎದುರಾದರೆ ಏನು ಮಾಡುತ್ತೀರಿ ಎಂದೂ ಕೇಳುತ್ತಾರೆ. ಆ ಹತ್ತು ಸೆಕೆಂಡುಗಳನ್ನು ರಿವರ್ಸ್ ಗೇರಿಗೆ ಕೊಡುವುದು ಲೇಸು. ಬಟ್ಟೆ ಆನೆಯನ್ನು ತಡೆಯುವುದಿಲ್ಲ.

ಎಂಜಿನ್ ವಿಷಯಕ್ಕೆ ಬಂದರೆ, ಇದು 2,998 ಸಿಸಿಯ, ಆರು ಸಿಲಿಂಡರ್‌ಗಳು ಒಂದೇ ಸಾಲಿನಲ್ಲಿರುವ, ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇರುವ ಪೆಟ್ರೋಲ್ ಎಂಜಿನ್. 340 ಅಶ್ವಶಕ್ತಿ, 500 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ), ನೂರರ ವೇಗಕ್ಕೆ ಸುಮಾರು ನಾಲ್ಕೂವರೆ ಸೆಕೆಂಡು. ಕೊನೆಯ ಅಂಕಿ ಕೊಡಗಿನಲ್ಲಿ ನಿರುಪಯುಕ್ತ. ಉಪಯುಕ್ತವಾದದ್ದು ಟಾರ್ಕ್ ಪೂರ್ತಿಯಾಗಿ 1,600 ಆರ್‌ಪಿಎಂನಲ್ಲೇ ಸಿಗುವುದು, ಏಕೆಂದರೆ ಸಂಪಾಜೆ ಘಾಟಿಯ ತಿರುವಿನಿಂದ ಹೊರಬರುವಾಗ ಎಂಜಿನ್ನನ್ನು ಕಿರುಚಿಸದೆ, ಗೇರು ಬದಲಿಸದೆ ಏರಬಹುದು. ಟರ್ಬೊಗೆ ಇಲ್ಲಿ ಇನ್ನೊಂದು ಅನುಕೂಲವಿದೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,170 ಮೀಟರ್ ಎತ್ತರದಲ್ಲಿದೆ, ಅಲ್ಲಿ ಗಾಳಿ ಕರಾವಳಿಗಿಂತ ಶೇಕಡಾ ಹತ್ತರಷ್ಟು ತೆಳು. ಟರ್ಬೊ ಇಲ್ಲದ ಎಂಜಿನ್ ಮಂಗಳೂರಿನಿಂದ ಮಡಿಕೇರಿಗೆ ಬರುವಷ್ಟರಲ್ಲಿ ತನ್ನ ಬಲದ ಹತ್ತನೆಯ ಒಂದು ಪಾಲನ್ನು ಕಳೆದುಕೊಂಡಿರುತ್ತದೆ. ಟರ್ಬೊ ಸ್ವಲ್ಪ ಹೆಚ್ಚು ವೇಗವಾಗಿ ತಿರುಗಿ ಆ ಕೊರತೆಯ ಬಹುಪಾಲನ್ನು ತುಂಬಿಕೊಳ್ಳುತ್ತದೆ. ಹಾಗೆಂದು ಇನ್ನೊಂದು ತೆರೆದ ಕಾರಾದ ಪೋರ್ಷೆ 718 ಬಾಕ್ಸ್‌ಸ್ಟರ್ ಜಿಟಿಎಸ್ 4.0ರ ಟರ್ಬೊ ಇಲ್ಲದ ಆರು ಸಿಲಿಂಡರಿನ ಸದ್ದನ್ನು ಕೇಳಿದವರು ಈ ಲೆಕ್ಕವನ್ನು ಒಪ್ಪಲಿಕ್ಕಿಲ್ಲ. ಅವರ ಜೊತೆ ನಾನು ವಾದಕ್ಕಿಳಿಯುವುದಿಲ್ಲ.

ಆ ಎರಡು ಕಾರುಗಳ ಸ್ವಭಾವ ಬೇರೆಯಾಗುವುದು ಎಂಜಿನ್ ಇರುವ ಜಾಗದಿಂದ. ಬಾಕ್ಸ್‌ಸ್ಟರ್‌ನಲ್ಲಿ ಅದು ಸೀಟಿನ ಬೆನ್ನಿಗೇ ಇದೆ, ಭಾರವೆಲ್ಲ ನಡುವೆ ಕೂಡಿರುವುದರಿಂದ ಕಾರು ತನ್ನ ಸೊಂಟದ ಸುತ್ತ ತಿರುಗುತ್ತದೆ. ಝಡ್4ರಲ್ಲಿ ಎಂಜಿನ್ ಮುಂದೆ, ಚಾಲಕ ಬಹುತೇಕ ಹಿಂಚಕ್ರಗಳ ಮೇಲೆಯೇ ಕುಳಿತಿರುತ್ತಾನೆ. ಉದ್ದನೆಯ ಬಾನೆಟ್ ತಿರುವಿನೊಳಕ್ಕೆ ಹೊರಳುವುದನ್ನು ಮೊದಲು ಕಣ್ಣು ಕಾಣುತ್ತದೆ, ಆಮೇಲೆ ಬೆನ್ನಿಗೆ ತಿಳಿಯುತ್ತದೆ. ಮುಂಚಕ್ರ ಹಿಂಚಕ್ರಗಳ ನಡುವಿನ ಚಕ್ರಾಂತರ 2,470 ಮಿಲಿಮೀಟರ್ ಮಾತ್ರ, ಎಡಬಲ ಚಕ್ರಗಳ ನಡುವಿನ ಅಂತರ ಅದಕ್ಕೆ ಹೋಲಿಸಿದರೆ ಹೆಚ್ಚು. ಹೀಗಾಗಿ ಹೊರಳುವ ಚುರುಕಿದೆ, ಆದರೆ ಒದ್ದೆ ಡಾಂಬರಿನ ಮೇಲೆ ಸಿಲ್ವರ್ ಓಕ್ ಎಲೆಗಳು ಬಿದ್ದಿರುವಾಗ ಅದೇ ಚುರುಕು ಮೊದಲು ಹಿಂಬದಿಯನ್ನು ಜಾರಿಸುತ್ತದೆ.

ಇಳಿಯುವುದು ಏರುವುದಕ್ಕಿಂತ ಕಠಿಣ ಪರೀಕ್ಷೆ. ಇಬ್ಬರು ಕುಳಿತಾಗ ಸುಮಾರು 1,700 ಕಿಲೋ ತೂಗುವ ಕಾರು ಮಡಿಕೇರಿಯಿಂದ ಸಂಪಾಜೆಗೆ ಸಾವಿರ ಮೀಟರ್‌ನಷ್ಟು ಇಳಿಯುವಾಗ ಬಿಟ್ಟುಕೊಡುವ ಶಕ್ತಿ, ನೂರರ ವೇಗದಿಂದ ಇಪ್ಪತ್ತೈದು ಸಲ ಪೂರ್ತಿ ನಿಲ್ಲಿಸಿದಾಗ ಬ್ರೇಕಿಗೆ ಬೀಳುವ ಶಾಖಕ್ಕೆ ಸಮ. ಅದರಲ್ಲಿ ಸ್ವಲ್ಪ ಗಾಳಿಗೂ ಟಯರಿಗೂ ಹೋಗುತ್ತದೆ, ಉಳಿದದ್ದು ಎಂಜಿನ್ನಿಗೆ ಹೋಗಬೇಕೋ ಬ್ರೇಕಿಗೆ ಹೋಗಬೇಕೋ ಎಂಬುದು ಚಾಲಕನ ಕೈಯಲ್ಲಿದೆ. ಏರಿದ ಗೇರಿನಲ್ಲೇ ಇಳಿಯಬೇಕು ಎಂಬ ಜೀಪಿನ ಕಾಲದ ಬುದ್ಧಿಮಾತು ಎಂಟು ಗೇರಿನ ಆಟೋಮ್ಯಾಟಿಕ್‌ಗೂ ಅನ್ವಯಿಸುತ್ತದೆ. ಸ್ಟೇರಿಂಗಿನ ಹಿಂದಿನ ಪ್ಯಾಡಲ್ ಒತ್ತಿ ಮೂರನೆಯದರಲ್ಲೋ ಎರಡನೆಯದರಲ್ಲೋ ಹಿಡಿದಿಡಬೇಕು.

ಛಾವಣಿ ತೆರೆದು ಓಡಿಸುವಾಗ ಗಾಳಿ ಮುಖಕ್ಕೆ ಬಡಿಯುತ್ತದೆಂದು ಎಲ್ಲರೂ ಊಹಿಸುತ್ತಾರೆ. ಅದು ಬರುವುದು ಹಿಂದಿನಿಂದ. ಮುಂಗಾಜಿನ ಮೇಲಂಚಿನಿಂದ ಹಾರಿದ ಗಾಳಿ ಸೀಟುಗಳ ಮೇಲೆ ಕಡಿಮೆ ಒತ್ತಡದ ಜಾಗವನ್ನು ಬಿಟ್ಟು ಹೋಗುತ್ತದೆ, ಅದನ್ನು ತುಂಬಲು ಹಿಂಬದಿಯ ಗಾಳಿ ಮರಳಿ ಕುತ್ತಿಗೆಗೆ ನುಗ್ಗುತ್ತದೆ. ಸೀಟುಗಳ ಹಿಂದೆ ನಿಲ್ಲಿಸುವ ಪುಟ್ಟ ಜಾಲರಿ ಇದನ್ನು ಅಚ್ಚರಿಯಾಗುವಷ್ಟು ತಗ್ಗಿಸುತ್ತದೆ. ಮಾರ್ಚಿನಲ್ಲಿ, ಹೂಮಳೆಯ ನಂತರ ಕಾಫಿ ಅರಳಿರುವಾಗ ಸಿದ್ದಾಪುರದ ರಸ್ತೆಯಲ್ಲಿ ನಾನು ಆ ಜಾಲರಿಯನ್ನು ತೆಗೆದಿಡುತ್ತೇನೆ; ಪರಿಮಳಕ್ಕೆ ಅಡ್ಡ ಬರುತ್ತದೆ ಎಂಬುದಕ್ಕೆ ಯಾವ ವೈಜ್ಞಾನಿಕ ಆಧಾರವೂ ಇಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ಕೆಲವರು, ಹಳೆಯದೊಂದು ತೆರೆದ ಕಾರು ಸಿಕ್ಕಿದರೆ ಇಲ್ಲಿಗೆ ತರಬಹುದೇ ಎಂದು ಕೇಳುತ್ತಾರೆ. ತರಬಹುದು, ಆದರೆ ಎಂಜಿನ್ ಸದ್ದು ಕೇಳುವ ಮೊದಲು ಕಾರನ್ನು ಲಿಫ್ಟಿನ ಮೇಲೆ ಏರಿಸಿ ಅಡಿಭಾಗ ನೋಡಬೇಕು. ನೆಲದಿಂದ ಹನ್ನೊಂದು ಸೆಂಟಿಮೀಟರ್‌ನಷ್ಟೇ ಎತ್ತರವಿರುವ ಕಾರು ನಮ್ಮ ಹಂಪುಗಳಿಗೆ ಉಜ್ಜದೆ ಉಳಿದಿರುವುದು ಅಪರೂಪ, ಉಜ್ಜಿದಾಗ ಮೊದಲು ಬಾಗುವುದು ಆ ಕರ್ಣಪಟ್ಟಿಗಳು. ಅವು ಬಾಗಿದ್ದರೆ ಅಥವಾ ಯಾರೋ ಮೆಕ್ಯಾನಿಕ್ ಅವನ್ನು ಬಿಚ್ಚಿ ಮರಳಿ ಹಾಕದೆ ಬಿಟ್ಟಿದ್ದರೆ ಕಾರಿನ ಅರ್ಧ ಮೌಲ್ಯ ಅಲ್ಲೇ ಹೋಗಿರುತ್ತದೆ. ಎರಡನೆಯದು ನೀರು. ಬಟ್ಟೆಯ ಛಾವಣಿಯ ಅಂಚಿನಲ್ಲಿ ಇಳಿಯುವ ನೀರು ಬಾಡಿಯೊಳಗಿನ ಸಣ್ಣ ಕೊಳವೆಗಳ ಮೂಲಕ ಹೊರಹೋಗುತ್ತದೆ, ಮರದಡಿ ನಿಲ್ಲಿಸಿದ ಕಾರಿನಲ್ಲಿ ಎಲೆಚೂರು ಮತ್ತು ಪಾಚಿ ಆ ಕೊಳವೆಗಳನ್ನು ಕಟ್ಟುತ್ತವೆ. ಛಾವಣಿಯನ್ನು ಅರ್ಧ ತೆರೆದು, ಹಿಂಬದಿಯ ಕಾಲುವೆಗೆ ಒಂದು ಚೊಂಬು ನೀರನ್ನು ನಿಧಾನವಾಗಿ ಸುರಿಯಿರಿ. ಕಾರಿನ ಅಡಿಯಿಂದ ನೆಲಕ್ಕೆ ಸುರಿದರೆ ಸರಿ. ಸೀಟಿನ ಕೆಳಗಿನ ಕಾರ್ಪೆಟ್ ಒದ್ದೆಯಾದರೆ, ಬೆಲೆ ಎಷ್ಟೇ ಇಳಿಸಿದರೂ ಆ ಕಾರನ್ನು ಬಿಟ್ಟು ಬನ್ನಿ.